ಕಾಡಿನ ದಾರಿಗೆ ಕೈ ಜಿಪಿಎಸ್: ಕೊಳ್ಳುವ ಮುನ್ನ ತಿಳಿಯಬೇಕಾದ ಸಂಗತಿಗಳು



ನಮ್ಮ ಗಡಿಯೂರುಗಳಲ್ಲಿ ಹಲವು ಕಾಡಿನ ಅಂಚಿಗೇ ಇವೆ. ವಯನಾಡಿನ ಮುತ್ತಂಗ, ನೀಲಗಿರಿಯ ಶೋಲಾ ಕಾಡುಗಳು, ತಾಳವಾಡಿಯ ಸುತ್ತಲಿನ ಸತ್ಯಮಂಗಲ ಹುಲಿ ಮೀಸಲು ಪ್ರದೇಶ, ಹೊಸೂರಿನ ಆಚೆಗಿನ ಮೇಲಗಿರಿ ಬೆಟ್ಟಗಳು, ಕಾಸರಗೋಡಿನ ರಾಣಿಪುರಂ, ಗೋವೆಯ ಮೊಲ್ಲೆಂ. ಚಾರಣಕ್ಕೆ, ಪಕ್ಷಿ ವೀಕ್ಷಣೆಗೆ, ಗುಡ್ಡದ ದೇವಸ್ಥಾನಕ್ಕೆ, ತೋಟದ ಕೆಲಸಕ್ಕೆ ಎಂದು ಈ ಕಡೆಗಳಲ್ಲಿ ನಡೆಯುವವರು ನಮ್ಮಲ್ಲಿ ಬಹಳ. ಮಂಜು ಕವಿದಾಗ, ಕಾಲುದಾರಿ ಎರಡಾಗಿ ಒಡೆದಾಗ, ಸಂಜೆ ಬೇಗ ಕತ್ತಲಾದಾಗ ಹಿಂತಿರುಗುವ ದಾರಿ ತೋರಿಸುವ ಕೈ ಜಿಪಿಎಸ್ ಬೇಕೆನ್ನಿಸುವುದು ಸಹಜ.

ಆದರೆ ಈ ಉಪಕರಣದ ಬಗ್ಗೆ ಅಂತರ್ಜಾಲದಲ್ಲಿ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಅಮೆರಿಕ, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳ ಬೇಟೆಗಾರರಿಗಾಗಿ ಬರೆದವು. ನಮ್ಮಲ್ಲಿ ವನ್ಯಜೀವಿ (ಸಂರಕ್ಷಣಾ) ಕಾಯಿದೆ, 1972ರ ಪ್ರಕಾರ ಬೇಟೆ ನಿಷಿದ್ಧ. ಅಷ್ಟೇ ಅಲ್ಲ, ಅಲ್ಲಿ ‘ಮೊದಲು ಇದನ್ನು ಕೊಳ್ಳಿ’ ಎನ್ನುವ ಒಂದು ಬಗೆಯ ಉಪಕರಣ ಇಲ್ಲಿ ಕೈಯಲ್ಲಿದ್ದರೇ ಪೊಲೀಸ್ ಠಾಣೆ ಹತ್ತಬೇಕಾದೀತು. ಆದ್ದರಿಂದ ನಮ್ಮ ಕಾಡು, ನಮ್ಮ ಮಳೆ, ನಮ್ಮ ಕಾನೂನುಗಳನ್ನು ಮುಂದಿಟ್ಟುಕೊಂಡು ಈ ಮಾಹಿತಿ.

ಮೊಬೈಲ್ ಸಾಲದೆ?

ಹಲವರಿಗೆ ಸಾಕು. ಮೊಬೈಲಿನ ಜಿಪಿಎಸ್ ಕೆಲಸ ಮಾಡಲು ನೆಟ್‌ವರ್ಕ್ ಬೇಕಿಲ್ಲ. ನೆಟ್‌ವರ್ಕ್ ಬೇಕಾಗುವುದು ನಕ್ಷೆ ಇಳಿಸಿಕೊಳ್ಳಲು. ಮನೆಯಲ್ಲೇ ಆ ಪ್ರದೇಶದ ನಕ್ಷೆಯನ್ನು ಇಳಿಸಿಟ್ಟುಕೊಂಡರೆ ಟವರ್ ಇಲ್ಲದ ಕಡೆಯೂ ನೀವಿರುವ ಜಾಗ ಪರದೆಯ ಮೇಲೆ ಕಾಣುತ್ತದೆ. ಸೊಲ್ಲಾಪುರ, ಜತ್ತ, ಆದೋನಿ, ರಾಯದುರ್ಗದಂಥ ಬಯಲುಸೀಮೆಯಲ್ಲಿ ತಲೆಯ ಮೇಲೆ ಆಕಾಶ ತೆರೆದಿರುತ್ತದೆ. ಅಲ್ಲಿ ಅರ್ಧ ದಿನ ತಿರುಗಾಡುವವರು ಮೊಬೈಲ್ ಜೊತೆಗೊಂದು ಪವರ್ ಬ್ಯಾಂಕ್ ಇಟ್ಟುಕೊಂಡರೆ ಆಯಿತು, ಬೇರೆ ಉಪಕರಣಕ್ಕೆ ಹಣ ಹಾಕಬೇಕಿಲ್ಲ.

ಮಲೆಯ ಕಡೆಯವರ ಲೆಕ್ಕ ಬೇರೆ. ಮಳೆಹನಿ ಬಿದ್ದ ಟಚ್ ಪರದೆ ಬೆರಳಿಗೆ ಸ್ಪಂದಿಸುವುದಿಲ್ಲ. ಸಿಗ್ನಲ್ ಹುಡುಕುತ್ತ ಮೊಬೈಲಿನ ಬ್ಯಾಟರಿ ಬೇಗ ಇಳಿಯುತ್ತದೆ. ಕಲ್ಲಿನ ಮೇಲೆ ಒಮ್ಮೆ ಬಿದ್ದರೆ ದಾರಿಯೂ ಹೋಯಿತು, ಸಹಾಯಕ್ಕೆ ಕರೆ ಮಾಡುವ ಫೋನೂ ಹೋಯಿತು. ದಟ್ಟ ಕಾಡಿನಲ್ಲಿ ಇಡೀ ದಿನ ಅಥವಾ ಅದಕ್ಕೂ ಹೆಚ್ಚು ಹೊತ್ತು ನಡೆಯುವವರು ದಾರಿಗೆ ಒಂದು, ಮಾತಿಗೆ ಒಂದು ಎಂದು ಎರಡು ಉಪಕರಣ ಬೇರೆ ಬೇರೆ ಇಟ್ಟುಕೊಳ್ಳುವುದು ಒಳ್ಳೆಯದು.

ಮರದ ಕೆಳಗೆ ಸಂಕೇತ ಹಿಡಿಯುವ ಶಕ್ತಿ

ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತವೆ. ಅಷ್ಟು ದೂರದಿಂದ ಬರುವ ಸಂಕೇತ ನೆಲ ಮುಟ್ಟುವಾಗ ಬಹಳ ಕ್ಷೀಣವಾಗಿರುತ್ತದೆ. ನಿಮ್ಮ ಸ್ಥಾನ ಮತ್ತು ಎತ್ತರ ತಿಳಿಯಲು ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತ ಒಟ್ಟಿಗೆ ಸಿಗಬೇಕು. ತೆರೆದ ಬಯಲಿನಲ್ಲಿ 3ರಿಂದ 5 ಮೀಟರ್ ವ್ಯತ್ಯಾಸದೊಳಗೆ ಸ್ಥಾನ ತೋರಿಸುವ ಉಪಕರಣವೇ ಒದ್ದೆ ಎಲೆಗಳ ದಟ್ಟ ಚಪ್ಪರದ ಕೆಳಗೆ, ಕಡಿದಾದ ಕಣಿವೆಯಲ್ಲಿ ಹತ್ತಾರು ಮೀಟರ್ ತಪ್ಪಬಹುದು. ಬಂಡೆಗೆ, ಮರಕ್ಕೆ ಬಡಿದು ತಡವಾಗಿ ಬರುವ ಸಂಕೇತವೂ ಲೆಕ್ಕ ಕೆಡಿಸುತ್ತದೆ.

ಹಾಗಾಗಿ ಎರಡು ಪ್ರಶ್ನೆ ಕೇಳಿ. ಒಂದು, ಅಮೆರಿಕದ ಜಿಪಿಎಸ್ ಜೊತೆಗೆ ರಷ್ಯಾದ ಗ್ಲೋನಾಸ್, ಯುರೋಪಿನ ಗೆಲಿಲಿಯೊ, ನಮ್ಮ ದೇಶದ ನಾವಿಕ್ ಇವುಗಳಲ್ಲಿ ಯಾವುದನ್ನು ಹಿಡಿಯುತ್ತದೆ? ಹೆಚ್ಚು ವ್ಯವಸ್ಥೆ ಹಿಡಿದಷ್ಟೂ ಮರದ ಸಂದಿಯಲ್ಲಿ ನಾಲ್ಕು ಉಪಗ್ರಹ ಸಿಗುವ ಅವಕಾಶ ಹೆಚ್ಚು. ಕೆಲವು ಪೆಟ್ಟಿಗೆಗಳ ಮೇಲೆ ನಾವಿಕ್‌ನ ಹಳೆಯ ಹೆಸರು ಐಆರ್‌ಎನ್‌ಎಸ್‌ಎಸ್ ಎಂದೇ ಇರುತ್ತದೆ. ಎರಡು, ಅದು ಮಲ್ಟಿಬ್ಯಾಂಡ್ ಉಪಕರಣವೇ? ಅಂದರೆ ಎಲ್1, ಎಲ್5 ಎಂಬ ಎರಡು ತರಂಗಾಂತರಗಳನ್ನೂ ಬಳಸುತ್ತದೆಯೇ? ಬಡಿದು ಬಂದ ಸಂಕೇತದ ತಪ್ಪನ್ನು ಇದು ಚೆನ್ನಾಗಿ ತಗ್ಗಿಸುತ್ತದೆ. ಗಾರ್ಮಿನ್ ಕಂಪನಿಯ ಜಿಪಿಎಸ್‌ಮ್ಯಾಪ್ 65ಎಸ್, 67 ಈ ಬಗೆಯವು; ಇಟ್ರೆಕ್ಸ್ 22ಎಕ್ಸ್, 32ಎಕ್ಸ್ ಒಂದೇ ತರಂಗಾಂತರದವು. ಶೋಲಾ ಕಾಡು, ವಯನಾಡಿನ ಕಣಿವೆಗಳಿಗೆ ಮಲ್ಟಿಬ್ಯಾಂಡ್‌ಗೆ ಕೊಡುವ ಹೆಚ್ಚಿನ ಬೆಲೆಗೆ ಅರ್ಥವಿದೆ. ಸತ್ಯಮಂಗಲದ ಕುರುಚಲು ಕಾಡಿಗೆ ಒಂದೇ ತರಂಗಾಂತರದ್ದೂ ನಡೆಯುತ್ತದೆ.

ಬ್ಯಾಟರಿ

ಪೆನ್ಸಿಲ್ ಸೆಲ್ ಹಾಕುವ ಉಪಕರಣಗಳು ಒಂದು ಬಗೆ, ಒಳಗೇ ಲಿಥಿಯಂ ಬ್ಯಾಟರಿ ಇದ್ದು ಚಾರ್ಜ್ ಮಾಡಬೇಕಾದವು ಇನ್ನೊಂದು ಬಗೆ. ಕಂಪನಿ ಹೇಳುವ ಲೆಕ್ಕ ಹೀಗಿದೆ: ಎರಡು ಪೆನ್ಸಿಲ್ ಸೆಲ್‌ನಲ್ಲಿ ಇಟ್ರೆಕ್ಸ್ 22ಎಕ್ಸ್ ಸುಮಾರು 25 ಗಂಟೆ, ಜಿಪಿಎಸ್‌ಮ್ಯಾಪ್ 65ಎಸ್ ಸುಮಾರು 16 ಗಂಟೆ, ನಕ್ಷೆಯಿಲ್ಲದ ಕಪ್ಪು-ಬಿಳುಪು ಪರದೆಯ ಇಟ್ರೆಕ್ಸ್ ಎಸ್‌ಇ 168 ಗಂಟೆ. ಒಳಬ್ಯಾಟರಿಯ ಜಿಪಿಎಸ್‌ಮ್ಯಾಪ್ 67 ಸುಮಾರು 180 ಗಂಟೆ. ಕಾಡಿನಲ್ಲಿ ಪರದೆಯ ದೀಪ ಉರಿಸುತ್ತ ನಡೆದರೆ ಇಷ್ಟು ಸಿಗುವುದಿಲ್ಲ; ಮೂರನೇ ಎರಡು ಭಾಗ ಎಂದು ಲೆಕ್ಕ ಹಾಕಿಕೊಳ್ಳುವುದು ಕ್ಷೇಮ.

ಕಾಡಿನಂಚಿನ ಗೂಡಂಗಡಿಯಲ್ಲೂ ಪೆನ್ಸಿಲ್ ಸೆಲ್ ಸಿಗುತ್ತದೆ ಎಂಬುದು ದೊಡ್ಡ ಅನುಕೂಲ. ಆದರೆ ಗಡಿಯಾರಕ್ಕೆ ಹಾಕುವ ಅಗ್ಗದ ಸೆಲ್ ಬೇಗ ಸೋಲುತ್ತದೆ. ಆಲ್ಕಲೈನ್ ಅಥವಾ ರೀಚಾರ್ಜ್ ಆಗುವ ನಿಕಲ್ ಸೆಲ್ ಒಯ್ಯಿರಿ, ಯಾವುದನ್ನು ಹಾಕಿದ್ದೀರಿ ಎಂದು ಉಪಕರಣದ ಸೆಟ್ಟಿಂಗ್‌ನಲ್ಲಿ ತಿಳಿಸಿ. ನೀಲಗಿರಿಯ ಚಳಿಗಾಲದ ರಾತ್ರಿಯಲ್ಲಿ ಆಲ್ಕಲೈನ್ ಸೆಲ್ ಸೊರಗುತ್ತದೆ. ಲಿಥಿಯಂ ಪೆನ್ಸಿಲ್ ಸೆಲ್ ಚಳಿ ತಡೆಯುತ್ತದೆ.

ಗುಂಡಿ, ದಿಕ್ಸೂಚಿ, ನೀರು

ನಮ್ಮ ಮಳೆಗೆ ಒತ್ತುವ ಗುಂಡಿಗಳಿರುವ ಉಪಕರಣವೇ ಸರಿ. ಕೈ ಒದ್ದೆಯಾದರೂ, ಕೈಚೀಲ ಹಾಕಿದ್ದರೂ ಅದು ನಡೆಯುತ್ತದೆ. ಐಪಿಎಕ್ಸ್7 ಎಂಬ ಗುರುತಿದ್ದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಬಿದ್ದಿದ್ದರೂ ಕೆಡಬಾರದು ಎಂದರ್ಥ. ಅದಕ್ಕಿಂತ ಕಡಿಮೆಯದು ಬೇಡ.

ದಿಕ್ಸೂಚಿಯಲ್ಲಿ ಒಂದು ವ್ಯತ್ಯಾಸ ಗಮನಿಸಿ. ಕಾಂತೀಯ ದಿಕ್ಸೂಚಿ ಇಲ್ಲದ ಉಪಕರಣ ನೀವು ನಡೆಯುತ್ತಿರುವಾಗ ಮಾತ್ರ ದಿಕ್ಕು ತೋರಿಸುತ್ತದೆ, ನಿಂತರೆ ಅದಕ್ಕೆ ದಿಕ್ಕು ಗೊತ್ತಾಗುವುದಿಲ್ಲ. ಇಟ್ರೆಕ್ಸ್ 22ಎಕ್ಸ್ ಹೀಗೆ. 32ಎಕ್ಸ್‌ನಲ್ಲಿ ದಿಕ್ಸೂಚಿಯೂ ಗಾಳಿಯ ಒತ್ತಡದಿಂದ ಎತ್ತರ ಅಳೆಯುವ ವ್ಯವಸ್ಥೆಯೂ ಇವೆ. ಮಂಜಿನಲ್ಲಿ ಕವಲುದಾರಿಯಲ್ಲಿ ನಿಂತವರಿಗೆ ಇದು ಸಣ್ಣ ವಿಷಯವಲ್ಲ.

ನಕ್ಷೆ ಮತ್ತು ಅಳತೆ

ಓಪನ್‌ಸ್ಟ್ರೀಟ್‌ಮ್ಯಾಪ್ ಆಧಾರಿತ ಉಚಿತ ನಕ್ಷೆಗಳನ್ನು ನಕ್ಷೆ ತೋರಿಸುವ ಗಾರ್ಮಿನ್ ಉಪಕರಣಗಳಿಗೆ ಹಾಕಿಕೊಳ್ಳಬಹುದು. ಸರ್ವೆ ಆಫ್ ಇಂಡಿಯಾದ ಹಳೆಯ ಕಾಗದದ ನಕ್ಷೆ ಜೊತೆಗಿಟ್ಟು ನಡೆಯುವವರು ಮಾತ್ರ ಎಚ್ಚರವಹಿಸಬೇಕು. ಹಳೆಯ ನಕ್ಷೆಗಳು ‘ಎವರೆಸ್ಟ್’ ಎಂಬ ಭೂಮಾಪನ ಆಧಾರದ ಮೇಲಿವೆ. ಜಿಪಿಎಸ್ ಲೆಕ್ಕ ‘ಡಬ್ಲ್ಯುಜಿಎಸ್ 84’ರ ಮೇಲಿದೆ. ಎರಡನ್ನೂ ಹೊಂದಿಸದಿದ್ದರೆ ನೂರು ಮೀಟರಿಗೂ ಹೆಚ್ಚು ವ್ಯತ್ಯಾಸ ಬರಬಹುದು. 2005ರ ರಾಷ್ಟ್ರೀಯ ನಕ್ಷಾ ನೀತಿಯ ನಂತರದ ಸಾರ್ವಜನಿಕ ನಕ್ಷೆಗಳಲ್ಲಿ ಈ ತೊಡಕಿಲ್ಲ.

ಕೈ ಜಿಪಿಎಸ್‌ನಿಂದ ಜಮೀನಿನ ಗಡಿ ಅಳೆಯಬಹುದೇ ಎಂದು ಕೇಳುವವರಿದ್ದಾರೆ. ಹತ್ತು ಸೆಂಟ್ಸ್ ಜಾಗವೆಂದರೆ ಸುಮಾರು 20 ಮೀಟರ್ ಉದ್ದ, 20 ಮೀಟರ್ ಅಗಲ. ಒಂದೊಂದು ಮೂಲೆಯಲ್ಲೂ 5 ಮೀಟರ್ ತಪ್ಪಬಹುದಾದ ಉಪಕರಣದಿಂದ ಅದನ್ನು ಅಳೆದರೆ ನೆರೆಯವರೊಡನೆ ಜಗಳವೇ ಗತಿ. ಅದಕ್ಕೆ ಸರ್ವೇಯರ್ ಬೇಕು.

ಕಾನೂನು: ಇದನ್ನು ಮರೆಯಬೇಡಿ

ಜಿಪಿಎಸ್ ಕೇವಲ ಸಂಕೇತ ಪಡೆಯುವ ಉಪಕರಣ, ಅದನ್ನು ಇಟ್ಟುಕೊಳ್ಳಲು ಅಡ್ಡಿಯಿಲ್ಲ. ಉಪಗ್ರಹದ ಮೂಲಕ ಸಂದೇಶ ಕಳುಹಿಸುವ ಉಪಕರಣ ಬೇರೆ. ದೂರಸಂಪರ್ಕ ಇಲಾಖೆಯ ಅನುಮತಿ ಇಲ್ಲದೆ ಸ್ಯಾಟಲೈಟ್ ಫೋನ್ ಆಗಲಿ, ಗಾರ್ಮಿನ್ ‘ಇನ್‌ರೀಚ್’ನಂಥ ಸಂದೇಶ ಉಪಕರಣವಾಗಲಿ ಭಾರತದಲ್ಲಿ ಇಟ್ಟುಕೊಳ್ಳುವಂತಿಲ್ಲ. 2024ರ ಡಿಸೆಂಬರ್‌ನಲ್ಲಿ ಗೋವೆಯ ದಾಬೋಳಿ ವಿಮಾನ ನಿಲ್ದಾಣದಲ್ಲಿ ಕೆನಡಾದ ಮಹಿಳೆಯೊಬ್ಬರು ಇಂಥ ಉಪಕರಣ ತಂದಿದ್ದಕ್ಕೆ ಪೊಲೀಸ್ ಕ್ರಮ ಎದುರಿಸಬೇಕಾಯಿತು.

ವಿದೇಶದಲ್ಲಿರುವ ಮಗ, ಮಗಳು ‘ಅಪ್ಪನಿಗೆ ಇರಲಿ’ ಎಂದು ಪ್ರೀತಿಯಿಂದ ತರುವ ಉಡುಗೊರೆ ಹೀಗೆ ಕೇಸಾಗಿ ಪರಿಣಮಿಸಬಾರದು. ಮಾದರಿಯ ಸಂಖ್ಯೆಯ ಕೊನೆಯನ್ನು ನೋಡಲು ಹೇಳಿ: ಜಿಪಿಎಸ್‌ಮ್ಯಾಪ್ 67 ಸರಿ, ಕೊನೆಯಲ್ಲಿ ‘ಐ’ ಅಕ್ಷರವಿರುವ 67ಐ ಬೇಡ, 66ಐ ಕೂಡ ಬೇಡ. ಆ ‘ಐ’ ಇನ್‌ರೀಚ್‌ನ ಗುರುತು.

ಕಾಡಿನೊಳಗೆ ಕಾಲಿಡಲು ಅರಣ್ಯ ಇಲಾಖೆಯ ಅನುಮತಿ ಬೇಕು. 2018ರ ಮಾರ್ಚ್‌ನಲ್ಲಿ ತೇನಿ ಜಿಲ್ಲೆಯ ಕುರಂಗಣಿಯಲ್ಲಿ ಕಾಡ್ಗಿಚ್ಚಿಗೆ ಚಾರಣಿಗರು ಬಲಿಯಾದ ನಂತರ ತಮಿಳುನಾಡಿನಲ್ಲಿ ನಿಯಮ ಇನ್ನಷ್ಟು ಬಿಗಿಯಾಗಿದೆ. ಉಪಕರಣದಲ್ಲಿ ದಾರಿ ಕಾಣುತ್ತದೆ ಎಂಬುದು ಆ ದಾರಿಯಲ್ಲಿ ಹೋಗಲು ಅನುಮತಿಯಲ್ಲ. ನಕ್ಷೆಯಲ್ಲಿ ರಾಜ್ಯದ ಗೆರೆ ದಾಟಿದರೆ ಅನುಮತಿ ಕೊಡುವ ಕಚೇರಿಯೂ ಬದಲಾಗುತ್ತದೆ.

ಹೊರಡುವ ಮುನ್ನ

1. ಹೊಸ ಉಪಕರಣವನ್ನು, ತಿಂಗಳುಗಟ್ಟಲೆ ಮುಟ್ಟದೆ ಇಟ್ಟದ್ದನ್ನು ಬಯಲಿನಲ್ಲಿ ಕಾಲು ಗಂಟೆ ಆನ್ ಮಾಡಿಡಿ. ಉಪಗ್ರಹಗಳು ತಮ್ಮ ಕಕ್ಷೆಯ ಮಾಹಿತಿಯನ್ನು ಸೆಕೆಂಡಿಗೆ 50 ಬಿಟ್‌ನಷ್ಟು ನಿಧಾನವಾಗಿ ಕಳಿಸುತ್ತವೆ. ಎಲ್ಲ ಉಪಗ್ರಹಗಳ ಪಟ್ಟಿ ಪೂರ್ತಿ ಸಿಗಲು ಹನ್ನೆರಡೂವರೆ ನಿಮಿಷ ಬೇಕು. ಇದನ್ನು ಮರದ ಕೆಳಗೆ ಮಾಡಹೋದರೆ ನಡುವೆ ನಡುವೆ ತುಂಡಾಗಿ ಇನ್ನೂ ತಡವಾಗುತ್ತದೆ.

2. ವಾಹನ ನಿಲ್ಲಿಸಿದ ಜಾಗವನ್ನು ವೇಪಾಯಿಂಟ್ ಆಗಿ ಗುರುತು ಮಾಡಿ. ನಡೆದ ದಾರಿ ದಾಖಲಾಗುವ ‘ಟ್ರ್ಯಾಕ್’ ಚಾಲೂ ಇದೆಯೇ ನೋಡಿ.

3. ಪ್ರತಿ ಕವಲಿನಲ್ಲಿ, ಹಳ್ಳ ದಾಟುವ ಕಡೆ ಮತ್ತೊಂದು ಗುರುತು ಮಾಡಿ. ನೇರ ಬಾಣದ ಗುರುತು ಹಿಡಿದು ಹಿಂತಿರುಗಬೇಡಿ, ಅದು ಬಂಡೆಯ ಅಂಚಿಗೂ ಕರೆದೊಯ್ದೀತು. ಬಂದ ಟ್ರ್ಯಾಕ್ ಮೇಲೆಯೇ ವಾಪಸಾಗಿ.

4. ಹೋಗುವ ದಾರಿ, ಮರಳುವ ಹೊತ್ತು ಮನೆಯಲ್ಲಿ ಬರೆದಿಟ್ಟು ಬನ್ನಿ. ಸ್ಥಳೀಯ ದಾರಿಕಾರರಿದ್ದರೆ ಅವರ ಮಾತೇ ಮೊದಲು. ಆನೆ ಎಲ್ಲಿದೆ ಎಂದು ಯಾವ ಉಪಗ್ರಹವೂ ನಿಮಗೆ ಹೇಳುವುದಿಲ್ಲ.

ಸ್ಥಾನ ಹೇಳುವ ಬಗೆ

ಗಡಿನಾಡಿನವರು ವಿಶೇಷವಾಗಿ ಕಲಿಯಬೇಕಾದದ್ದು ಇದು. ಗಡಿಯಲ್ಲಿ ಮೊಬೈಲ್ ಪಕ್ಕದ ರಾಜ್ಯದ ಟವರ್ ಹಿಡಿದಿದ್ದರೆ 112ಕ್ಕೆ ಮಾಡಿದ ಕರೆ ಆ ರಾಜ್ಯದ ಕೇಂದ್ರಕ್ಕೆ ಹೋಗಬಹುದು. ಊರು, ಗುಡ್ಡ, ಹಳ್ಳಗಳ ಹೆಸರು ಕನ್ನಡದಲ್ಲಿ ಒಂದು, ಮಲಯಾಳದಲ್ಲಿ ಒಂದು, ತಮಿಳಿನಲ್ಲಿ ಇನ್ನೊಂದು. ಉದಕಮಂಡಲ, ಉದಗೈ, ಊಟಿ ಮೂರೂ ಒಂದೇ ಊರು. ಅಕ್ಷಾಂಶ ರೇಖಾಂಶದ ಅಂಕಿಗಳಿಗೆ ಈ ತೊಂದರೆಯಿಲ್ಲ, ಯಾವ ಭಾಷೆಯಲ್ಲಿ ಓದಿದರೂ ಜಾಗ ಒಂದೇ.

ಆದರೆ ಅಂಕಿ ಹೇಳುವ ಕ್ರಮ ತಪ್ಪಬಾರದು. 11.30 ಡಿಗ್ರಿ ಬೇರೆ, 11 ಡಿಗ್ರಿ 30 ಮಿನಿಟ್ ಬೇರೆ. ದಶಮಾಂಶದ 11.30 ಎಂದರೆ 11 ಡಿಗ್ರಿ 18 ಮಿನಿಟ್. ಇವೆರಡರ ನಡುವೆ ನೆಲದ ಮೇಲೆ ಸುಮಾರು 22 ಕಿಲೋಮೀಟರ್ ಅಂತರವಿದೆ. ಹುಡುಕುವವರು ಬೇರೆ ಬೆಟ್ಟಕ್ಕೇ ಹೋದಾರು. ಉಪಕರಣವನ್ನು ದಶಮಾಂಶ ಡಿಗ್ರಿಗೆ ಹೊಂದಿಸಿಡಿ, ಬಿಂದುವಿನ ನಂತರ ಐದು ಅಂಕಿ ಓದಿ. ರಾಜ್ಯ, ಜಿಲ್ಲೆ, ಅಕ್ಷಾಂಶ, ರೇಖಾಂಶ, ಎಷ್ಟು ಜನ ಇದ್ದೀರಿ, ಯಾರಿಗೆ ಏನಾಗಿದೆ ಎಂಬ ಕ್ರಮದಲ್ಲಿ ಹೇಳಿ. ಕೇಳಿಸಿಕೊಂಡವರಿಂದ ಅಂಕಿಗಳನ್ನು ಮರಳಿ ಹೇಳಿಸಿ.

ಒಟ್ಟಿನಲ್ಲಿ

ಬಯಲುಸೀಮೆಯ ಅರ್ಧ ದಿನದ ನಡಿಗೆಗೆ ನಕ್ಷೆ ಇಳಿಸಿಟ್ಟ ಮೊಬೈಲ್ ಸಾಕು. ಕುರುಚಲು ಕಾಡು, ತೋಟದ ದಾರಿಗಳಿಗೆ ಪೆನ್ಸಿಲ್ ಸೆಲ್‌ನ ಸರಳ ಉಪಕರಣ ಸಾಕು. ದಟ್ಟ ಕಾಡು, ಆಳ ಕಣಿವೆಗಳಿಗೆ ಮಲ್ಟಿಬ್ಯಾಂಡ್ ಮತ್ತು ದಿಕ್ಸೂಚಿ ಇರುವುದು ಬೇಕು. ಯಾವುದನ್ನು ಕೊಂಡರೂ ಮೊದಲ ಎರಡು ವಾರ ನಿಮ್ಮ ಊರಿನ ಗೊತ್ತಿರುವ ದಾರಿಯಲ್ಲೇ ಬಳಸಿ ನೋಡಿ. ಮನೆಯವರಲ್ಲಿ ಇನ್ನೊಬ್ಬರಿಗೂ ಅಂಕಿ ಓದುವುದನ್ನು ಕಲಿಸಿ. ಬಿದ್ದು ಕಾಲು ಮುರಿದುಕೊಂಡವರು ನೀವೇ ಆಗಿದ್ದರೆ, ಕರೆ ಮಾಡಬೇಕಾದವರು ಅವರೇ.