ಒಂದೇ ತಲೆ, ಎರಡು ಬಗೆಯ ಕೂದಲು

ಭಾನುವಾರ ಬೆಳಿಗ್ಗೆ ನಮ್ಮ ಮನೆಗಳಲ್ಲಿ ನಡೆಯುತ್ತಿದ್ದ ಸಂಭ್ರಮವನ್ನು ಓದುಗರಿಗೆ ಬಿಡಿಸಿ ಹೇಳಬೇಕಾದ್ದಿಲ್ಲ. ಊರು ಬಿಟ್ಟು ಎಷ್ಟು ವರ್ಷವಾದರೂ, ಎರಡು ಕೋಣೆಯ ಮನೆಯಲ್ಲಿ ನೀರಿಗೆ ಎಷ್ಟೇ ತಾಪತ್ರಯವಿದ್ದರೂ, ವಾರಕ್ಕೊಮ್ಮೆ ಹೆಣ್ಣುಮಕ್ಕಳ ತಲೆಗೆ ಎಣ್ಣೆ ಹಚ್ಚಿ, ನೀರೆರೆದು, ಸಿಕ್ಕು ಬಿಡಿಸುವ ಕೆಲಸ ಮಾತ್ರ ತಪ್ಪುತ್ತಿರಲಿಲ್ಲ. ಶಾಲೆಗೆ ಎರಡು ಜಡೆ, ಮದುವೆ ಮುಂಜಿಗೆ ಮೊಗ್ಗಿನ ಜಡೆ, ಜಡೆ ಗಿಡ್ಡವಾಯಿತೆನಿಸಿದರೆ ಒಂದು ಚೌರಿ. ಮಗಳು ಕಾಲೇಜಿಗೆ ಹೋಗಿ ಕೂದಲು ಕತ್ತರಿಸಿಕೊಂಡು ಬಂದ ದಿನ ಎದ್ದ ಗದ್ದಲವೂ ನಮಗೆ ಗೊತ್ತಿದೆ. ಆದರೆ ಆ ಗದ್ದಲ ಮನೆಯ ಹೊಸ್ತಿಲು ದಾಟುತ್ತಿರಲಿಲ್ಲ. (ವಿಧವೆಯರ ಕೇಶಮುಂಡನವನ್ನು ಮರೆತು ನಾವು ಈ ಮಾತನ್ನು ಆಡುತ್ತಿಲ್ಲ. ಅದು ನಮ್ಮದೇ ಪಾಪ. ಅದರ ಕಥೆ ಬೇರೆ.) ಹುಟ್ಟುಗೂದಲನ್ನು ಹುಟ್ಟಿದ ಹಾಗೆಯೇ ಬಾಚಿಕೊಂಡು ಕಚೇರಿಗೆ ಹೋದದ್ದಕ್ಕೆ ಕೆಲಸ ಕಳೆದುಕೊಳ್ಳುವ ಪ್ರಸಂಗ ನಮ್ಮ ಹೆಂಗಸರಿಗೆ ಬರಲಿಲ್ಲ. ಅಮೆರಿಕದ ಕಪ್ಪು ಹೆಂಗಸರಿಗೆ ಬಂತು. ದಿನದ ತಲೆಬಾಚು ಹೇಗಿರಬೇಕು, ಹಬ್ಬದ ದಿನದ್ದು ಹೇಗಿರಬೇಕು ಎಂಬ ಸಾಮಾನ್ಯ ಪ್ರಶ್ನೆ ಅವರಲ್ಲಿ ಇನ್ನೂರು ಮುನ್ನೂರು ವರ್ಷಗಳ ಚರಿತ್ರೆಯನ್ನೇ ಹೊತ್ತುಕೊಂಡಿದೆ.

ಮೊದಲು ಆ ಕೂದಲಿನ ಸ್ವಭಾವವನ್ನು ತಿಳಿಯೋಣ. ಆಫ್ರಿಕಾ ಮೂಲದ ಜನರ ಕೂದಲು ಬಹುಮಟ್ಟಿಗೆ ಬಿಗಿಯಾದ ಸುರುಳಿಯದು. ನೆತ್ತಿಯ ಜಿಡ್ಡು ನೇರ ಕೂದಲಿನಲ್ಲಿ ತುದಿಯವರೆಗೆ ಸುಲಭವಾಗಿ ಇಳಿಯುತ್ತದೆ. ಸುರುಳಿಯಲ್ಲಿ ಇಳಿಯಲಾರದೆ ಕೂದಲು ಒಣಗುತ್ತದೆ. ಒಂದೊಂದು ತಿರುವಿನಲ್ಲೂ ಮುರಿಯುವ ಭಯವಿದೆ. ಒದ್ದೆಯಾಗಿದ್ದಾಗ ಭುಜ ಮುಟ್ಟುವ ಕೂದಲು ಒಣಗಿದ ಮೇಲೆ ಕಿವಿಯ ಮಟ್ಟಕ್ಕೆ ಏರಿ ಕೂರುವುದೂ ಉಂಟು. ನಮ್ಮ ಉತ್ತರ ಕನ್ನಡದ ಕಡೆಯವರಿಗೆ ಇದು ಹೊಸದಲ್ಲ. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲೆಗಳ ಸಿದ್ದಿ ಜನ ಆಫ್ರಿಕಾ ಮೂಲದವರು. ಅವರಲ್ಲಿ ಅನೇಕರ ಹಿರಿಯರನ್ನು ಪೋರ್ಚುಗೀಸರು ಗುಲಾಮರಾಗಿ ಗೋವೆಗೆ ತಂದರು. ಕನ್ನಡ, ಕೊಂಕಣಿ ಮಾತಾಡುವ ಅವರನ್ನು ಸರಕಾರ 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿಸಿತು. ಗುಂಗುರು, ಮುಂಗುರುಳು ಎಂದು ಸುರುಳಿಗೂದಲಿಗೆ ಇಷ್ಟು ಮುದ್ದಾದ ಹೆಸರುಗಳನ್ನಿಟ್ಟ ನಮ್ಮ ಭಾಷೆಯವರೇ ಪೇಟೆಯಲ್ಲಿ ಸಿದ್ದಿ ಹುಡುಗಿಯ ತಲೆಯನ್ನು ತಿರುಗಿ ತಿರುಗಿ ನೋಡುತ್ತಾರೆಂಬುದನ್ನೂ ಒಪ್ಪಿಕೊಳ್ಳಬೇಕು.

ಪಶ್ಚಿಮ ಆಫ್ರಿಕಾದಲ್ಲಿ ಈ ಕೂದಲಿಗೆ ದೊಡ್ಡ ಮರ್ಯಾದೆಯಿತ್ತು. ಯೊರುಬಾ, ವೊಲೊಫ್, ಮೆಂಡೆ ಮೊದಲಾದ ಜನರಲ್ಲಿ ಜಡೆಯ ಹೆಣಿಗೆಯನ್ನು ನೋಡಿಯೇ ಕುಲ, ವಯಸ್ಸು, ಮದುವೆಯಾಗಿದೆಯೇ ಇಲ್ಲವೇ ಎಂಬುದನ್ನು ಹೇಳಬಹುದಾಗಿತ್ತು. ತಲೆ ಬಾಚುವುದೆಂದರೆ ಗಂಟೆಗಟ್ಟಲೆಯ ಕೆಲಸ, ಜೊತೆಗೆ ಗಂಟೆಗಟ್ಟಲೆಯ ಮಾತು. ಹಡಗು ಹತ್ತಿಸುವಾಗ ಗುಲಾಮರ ತಲೆ ಬೋಳಿಸುವ ರೂಢಿಯಿತ್ತು. ಕಾರಣ ಶುಚಿ ಎಂದು ವ್ಯಾಪಾರಿಗಳು ಹೇಳುತ್ತಿದ್ದರು. ಕುಲದ ಗುರುತೂ ಅದರೊಂದಿಗೇ ಹೋಯಿತು.

ಅಮೆರಿಕದ ಹೊಲಗಳಲ್ಲಿ ವಾರವಿಡೀ ದುಡಿಮೆ. ಬಾಚಣಿಗೆಯಿಲ್ಲ, ಎಣ್ಣೆಯಿಲ್ಲ, ಬಿಡುವಂತೂ ಮೊದಲೇ ಇಲ್ಲ. ಹೆಂಗಸರು ಕೂದಲನ್ನು ದಾರದಿಂದಲೋ ಚಿಂದಿ ಬಟ್ಟೆಯಿಂದಲೋ ಸುತ್ತಿ ಕಟ್ಟಿ, ಮೇಲೊಂದು ವಸ್ತ್ರ ಬಿಗಿದುಕೊಂಡು ಆರು ದಿನ ಕಳೆಯುತ್ತಿದ್ದರು. ಭಾನುವಾರ ಸುತ್ತು ಬಿಚ್ಚಿದರೆ ಕೂದಲು ಅಲೆಯಲೆಯಾಗಿ ನಿಲ್ಲುತ್ತಿತ್ತು. ಆ ದಿನ ಪ್ರಾರ್ಥನೆಗೆ ಹೋಗುವಾಗಿನ ಶೃಂಗಾರ ಅದೇ. ಸಿಕ್ಕು ಬಿಡಿಸಲು ಕುರಿಯ ಉಣ್ಣೆ ಹಿಂಜುವ ಹಲ್ಲಿನ ಹಲಗೆಯನ್ನು ಬಳಸುತ್ತಿದ್ದರಂತೆ. ಗುಲಾಮಗಿರಿಯಲ್ಲಿ ಹುಟ್ಟಿ ಬದುಕುಳಿದಿದ್ದ ಮುದುಕ ಮುದುಕಿಯರ ಮಾತುಗಳನ್ನು 1936ರಿಂದ 1938ರವರೆಗೆ ಅಮೆರಿಕ ಸರಕಾರ ಬರೆಯಿಸಿಟ್ಟಿತು. ಈ ವಿವರಗಳು ಆ ಬರಹಗಳಲ್ಲಿವೆ. ದಿನದ ಕೂದಲು ಮುಚ್ಚಿಡುವಂಥದು, ಹಬ್ಬದ ಕೂದಲು ತೋರಿಸುವಂಥದು ಎಂಬ ಭೇದ ಹುಟ್ಟಿದ್ದು ಹೀಗೆ, ಬಿಡುವಿಲ್ಲದ್ದರಿಂದ.

ತಲೆವಸ್ತ್ರವನ್ನು ಕಾನೂನಿನಿಂದ ಕಟ್ಟಿಸಿದ್ದೂ ಉಂಟು. ಲೂಯಿಸಿಯಾನ ಸ್ಪೇನಿನ ಕೈಯಲ್ಲಿದ್ದಾಗ, 1786ರಲ್ಲಿ, ಗವರ್ನರ್ ಎಸ್ತೆಬಾನ್ ಮಿರೋ ಒಂದು ಆಜ್ಞೆ ಹೊರಡಿಸಿದ. ನ್ಯೂ ಆರ್ಲಿಯನ್ಸಿನ ಕಪ್ಪು ಮತ್ತು ಮಿಶ್ರ ರಕ್ತದ ಹೆಂಗಸರು, ಸ್ವತಂತ್ರರಾಗಿದ್ದರೂ ಸಹ, ಕೂದಲನ್ನು ಆಭರಣಗಳಿಂದ ಅಲಂಕರಿಸದೆ ವಸ್ತ್ರದಿಂದ ಮುಚ್ಚಿಕೊಳ್ಳಬೇಕು ಎಂದು. ಅವರ ತುರುಬಿನ ಚೆಲುವು ಊರಿನ ಬಿಳಿಯ ಹೆಂಗಸರ ಕಣ್ಣು ಕುಕ್ಕುತ್ತಿತ್ತೆಂದು ಕಾಣುತ್ತದೆ. ಹೆಂಗಸರು ಆಜ್ಞೆಯನ್ನು ಪಾಲಿಸಿದರು. ಆದರೆ ಒಳ್ಳೊಳ್ಳೆಯ ಬಣ್ಣದ ಬಟ್ಟೆ ತಂದು, ಎತ್ತರಕ್ಕೆ ಸುತ್ತಿ, ಗರಿ ಸಿಕ್ಕಿಸಿ, ಆ 'ಟಿನ್ಯೋನ್' ಎಂಬ ವಸ್ತ್ರವನ್ನೇ ಶೃಂಗಾರ ಮಾಡಿಕೊಂಡರು. ಗವರ್ನರನಿಗೆ ಇದಕ್ಕೆ ಮದ್ದು ಸಿಕ್ಕಲಿಲ್ಲ.

1865ರಲ್ಲಿ ಗುಲಾಮಗಿರಿ ಮುಗಿಯಿತು. ಪೇಟೆಗೆ ಬಂದು ಕೆಲಸ ಹುಡುಕಿದವರಿಗೆ ಎದುರಾದದ್ದು ಬಿಳಿಯರ ಕಣ್ಣು. ಈ ಕಾಲದ ಕಥೆಯಲ್ಲಿ ಸಾರಾ ಬ್ರೀಡ್‌ಲವ್ ಎಂಬಾಕೆಯ ವಿಷಯದಲ್ಲಿ ಸ್ವಲ್ಪ ನಿಲ್ಲಲೇಬೇಕು. 1867ರಲ್ಲಿ ಲೂಯಿಸಿಯಾನದ ಡೆಲ್ಟಾ ಎಂಬಲ್ಲಿ, ಎರಡು ವರ್ಷದ ಹಿಂದಿನವರೆಗೂ ಗುಲಾಮರಾಗಿದ್ದವರ ಮಗಳಾಗಿ ಹುಟ್ಟಿದಳು. ಏಳು ವರ್ಷಕ್ಕೆ ತಬ್ಬಲಿ, ಇಪ್ಪತ್ತಕ್ಕೆ ವಿಧವೆ, ಕೈಯಲ್ಲೊಂದು ಹೆಣ್ಣುಮಗು. ಸೇಂಟ್ ಲೂಯಿಸಿನಲ್ಲಿ ಕಂಡವರ ಬಟ್ಟೆ ಒಗೆದು ಜೀವನ. ಆ ದಿನಗಳಲ್ಲಿ ಆಕೆಯ ಕೂದಲು ಉದುರತೊಡಗಿತು. ಮನೆಗೆ ನಲ್ಲಿಯಿಲ್ಲದ ಬಡವರಲ್ಲಿ ನೆತ್ತಿಯ ರೋಗ ಆಗ ಸಾಮಾನ್ಯವಾಗಿತ್ತು. ಅದೇ ಊರಿನಲ್ಲಿ ಆನಿ ಟರ್ನ್‌ಬೋ ಎಂಬ ಇನ್ನೊಬ್ಬ ಕಪ್ಪು ಮಹಿಳೆ (ಮುಂದೆ ಆನಿ ಮಲೋನ್ ಎಂದು ಹೆಸರಾದವರು) ಕೂದಲಿನ ಔಷಧಿ ಮಾಡಿ ಮಾರುತ್ತಿದ್ದರು. ಸಾರಾ ಆಕೆಯ ಏಜೆಂಟಳಾದಳು. 1905ರಲ್ಲಿ ಡೆನ್ವರಿಗೆ ಹೋಗಿ, ಮರುವರ್ಷ ಚಾರ್ಲ್ಸ್ ವಾಕರ್ ಎಂಬವನನ್ನು ಮದುವೆಯಾಗಿ, 'ಮೇಡಂ ಸಿ. ಜೆ. ವಾಕರ್' ಎಂಬ ಹೆಸರಿನಿಂದ ತನ್ನದೇ ಮುಲಾಮು ಮಾರಲು ನಿಂತಳು. ಮುಲಾಮಿನಲ್ಲಿ ಮುಖ್ಯವಾಗಿದ್ದದ್ದು ನೆತ್ತಿಯ ರೋಗಕ್ಕೆ ಹಳೆಯ ಮದ್ದಾದ ಗಂಧಕ.

1910ರ ಹೊತ್ತಿಗೆ ಇಂಡಿಯಾನಪೊಲಿಸಿನಲ್ಲಿ ಆಕೆಯ ಕಾರ್ಖಾನೆ ಎದ್ದಿತ್ತು. ಸಾವಿರಾರು ಕಪ್ಪು ಹೆಂಗಸರು ಬಿಳಿಯರ ಅಡುಗೆಮನೆ ಬಿಟ್ಟು ಆಕೆಯ ಏಜೆಂಟರಾದರು. 1912ರಲ್ಲಿ ಷಿಕಾಗೋದಲ್ಲಿ ಕಪ್ಪು ವ್ಯಾಪಾರಿಗಳ ಸಮ್ಮೇಳನ ನಡೆದಾಗ ಬುಕರ್ ಟಿ. ವಾಷಿಂಗ್ಟನ್ ಆಕೆಗೆ ಮಾತಾಡಲು ಅವಕಾಶ ಕೊಡಲಿಲ್ಲ. ಆಕೆ ಸಭೆಯ ನಡುವೆ ತಾನೇ ಎದ್ದು ನಿಂತು ಮಾತಾಡಿದಳು. ಮರುವರ್ಷ ಅವರೇ ಕರೆದು ವೇದಿಕೆ ಕೊಟ್ಟರು. 1917ರಲ್ಲಿ ಫಿಲಡೆಲ್ಫಿಯಾದಲ್ಲಿ ಸೇರಿದ ಆಕೆಯ ಏಜೆಂಟರು, ಈಸ್ಟ್ ಸೇಂಟ್ ಲೂಯಿಸಿನಲ್ಲಿ ಕಪ್ಪು ಜನರ ಕೊಲೆಗಳಾದುದನ್ನು ಖಂಡಿಸಿ ಅಧ್ಯಕ್ಷ ವಿಲ್ಸನ್ನರಿಗೆ ತಂತಿ ಕಳಿಸಿದರು. ಕೂದಲಿನ ಎಣ್ಣೆ ಮಾರುವ ಹೆಂಗಸರು ಅಧ್ಯಕ್ಷರಿಗೆ ತಂತಿ ಕಳಿಸಿದ ಸಂಗತಿ ನಮಗೆ ಆಕೆಯ ಬಂಗಲೆ, ಮೋಟಾರುಗಳಿಗಿಂತ ಹೆಚ್ಚೆನಿಸುತ್ತದೆ. ಕಾಯಿಸಿದ ಬಾಚಣಿಗೆಯನ್ನು ಕಂಡುಹಿಡಿದವಳು ಆಕೆ ಎನ್ನುವುದು ಮಾತ್ರ ತಪ್ಪು. ಅದು ಮೊದಲೇ ಬಳಕೆಯಲ್ಲಿತ್ತು.

ಆ ಬಾಚಣಿಗೆ ಮುಂದೆ ಮನೆಮನೆಯ ಒಲೆಗೂ ಬಂತು. ಈಸ್ಟರ್ ಹಬ್ಬದ ಹಿಂದಿನ ದಿನ ಹುಡುಗಿಯನ್ನು ಒಲೆಯ ಪಕ್ಕದಲ್ಲಿ ಕೂರಿಸಿ, ಕಿವಿಯನ್ನು ಮಡಚಿ ಹಿಡಿಯಲು ಹೇಳಿ, ಕಾದ ಬಾಚಣಿಗೆಯಿಂದ ತಾಯಿ ಕೂದಲನ್ನು ನೇರ ಮಾಡುತ್ತಿದ್ದಳು. ನೀರು ತಾಗಿದರೆ, ಬೆವರು ಬಂದರೆ ಸಾಕು, ಕೂದಲು ಮತ್ತೆ ಸುರುಳಿಗೆ ಹೋಗುತ್ತಿತ್ತು. ಹಾಗಾಗಿ ಅದು ವಿಶೇಷ ದಿನದ ಅಲಂಕಾರವಾಗಿಯೇ ಇತ್ತು. ಪ್ರತಿದಿನವೂ ನೇರ ಕೂದಲು ಎಂಬ ಪದ್ಧತಿಯನ್ನು ತಂದದ್ದು ರಸಾಯನ. ಕಾಸ್ಟಿಕ್ ಸೋಡಾದ ಲೇಪ ಕೂದಲಿನ ಒಳಗಿನ ಬಂಧಗಳನ್ನೇ ಮುರಿಯುತ್ತದೆ. ಒಮ್ಮೆ ನೇರವಾದ ಎಳೆ ಮತ್ತೆ ಸುರುಳಿಯಾಗುವುದಿಲ್ಲ. ನೆತ್ತಿ ಸುಡುವುದೂ ಇದ್ದದ್ದೇ. ಮಾಲ್ಕಂ ಎಕ್ಸ್ ತಮ್ಮ ಆತ್ಮಕಥೆಯಲ್ಲಿ (1965) ಹರೆಯದಲ್ಲಿ ಮೊದಲ ಸಲ ಹೀಗೆ ಮಾಡಿಸಿಕೊಂಡಾಗಿನ ಉರಿಯನ್ನೂ, ಅದಕ್ಕಾಗಿ ಆಮೇಲೆ ತಮಗಾದ ನಾಚಿಕೆಯನ್ನೂ ಬರೆದಿದ್ದಾರೆ.

ಅರವತ್ತರ ದಶಕದಲ್ಲಿ ನಾಗರಿಕ ಹಕ್ಕುಗಳ ಹೋರಾಟದೊಂದಿಗೆ ಗಾಳಿ ತಿರುಗಿತು. ಕೂದಲನ್ನು ಹುಟ್ಟಿದಂತೆ ಬೆಳೆಸಿ, ತಲೆಯ ಸುತ್ತ ಗುಂಡಗೆ ಬಿಡುವ 'ಆಫ್ರೋ' ಬಂತು. 1970ರಲ್ಲಿ ಏಂಜೆಲಾ ಡೇವಿಸರನ್ನು ಹುಡುಕಲು ಪೊಲೀಸರು ಅಂಟಿಸಿದ ಭಿತ್ತಿಪತ್ರವೇ ಆ ಕೂದಲನ್ನು ಲೋಕಕ್ಕೆಲ್ಲ ತೋರಿಸಿತು. ಆದರೆ ಕಚೇರಿಯ ನಿಯಮಗಳು ಗಾಳಿಗೆ ತಿರುಗುವಂಥವಲ್ಲ. ರೆನೀ ರೋಜರ್ಸ್ ಎಂಬಾಕೆ ಅಮೆರಿಕನ್ ಏರ್‌ಲೈನ್ಸಿನಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿದವರು. ನೆತ್ತಿಗೆ ಅಂಟಿದಂತೆ ಸಾಲುಸಾಲಾಗಿ ಹೆಣೆಯುವ ಜಡೆ ಅವರದು. ಜೋಳದ ಸಾಲಿನಂತೆ ಕಾಣುವುದರಿಂದ ಅದಕ್ಕೆ 'ಕಾರ್ನ್‌ರೋ' ಎನ್ನುತ್ತಾರೆ. ಕೆಲಸದ ವೇಳೆಯಲ್ಲಿ ಹೀಗೆ ಕೂಡದು, ತುರುಬು ಕಟ್ಟಿ ಅದರ ಮೇಲೆ ಕೃತಕ ಕೂದಲಿನ ಚೌರಿ ಸುತ್ತಿಕೊಳ್ಳಬಹುದು ಎಂದಿತು ಕಂಪನಿ. ಸುತ್ತಿಕೊಂಡರೆ ತಲೆನೋವು ಬರುತ್ತದೆ ಎಂದರು ಆಕೆ. 1981ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯ ಕಂಪನಿಯ ಪರವಾಗಿ ತೀರ್ಪು ಕೊಟ್ಟಿತು. ಆಫ್ರೋ ಆದರೆ ಹುಟ್ಟಿನಿಂದ ಬಂದದ್ದೆನ್ನಬಹುದು, ಜಡೆ ಹೆಣೆದುಕೊಂಡದ್ದು, ಬೇಡವೆಂದರೆ ಬಿಚ್ಚಬಹುದು ಎಂಬುದು ಅದರ ತರ್ಕ. ಅಷ್ಟು ಸಾಲದೆಂಬಂತೆ, 1979ರ ಒಂದು ಚಲನಚಿತ್ರದಲ್ಲಿ ಬೋ ಡೆರೆಕ್ ಎಂಬ ಬಿಳಿಯ ನಟಿ ಈ ಜಡೆಯನ್ನು ಜನಪ್ರಿಯಗೊಳಿಸಿದ ಮೇಲೆಯೇ ಈಕೆ ಹೆಣೆದುಕೊಂಡದ್ದು ಎಂಬ ಮಾತೂ ತೀರ್ಪಿನಲ್ಲಿ ಸೇರಿತು. ಆಫ್ರಿಕಾದ ಅಜ್ಜಿಯರು ಶತಮಾನಗಳಿಂದ ಹೆಣೆದುಕೊಂಡು ಬಂದ ಜಡೆಗೆ ಸಿಕ್ಕ ಮರ್ಯಾದೆ ಇದು.

ಇಂಥ ಕಾರಣಗಳಿಂದ ಎಂಬತ್ತು ತೊಂಬತ್ತರ ದಶಕಗಳಲ್ಲಿ ರಸಾಯನವೇ ಮೇಲಾಯಿತು. 2000ದ ನಂತರ ಮತ್ತೆ ಬಹಳ ಮಂದಿ ಅದನ್ನು ಬಿಡತೊಡಗಿದರು. ಆದರೆ ರಸಾಯನ ಬಿಟ್ಟ ಮಾತ್ರಕ್ಕೆ ಹಳೆಯ ಕೂದಲು ಬರುವುದಿಲ್ಲ. ಹೊಸದಾಗಿ ಬೇರಿನಿಂದ ಬೆಳೆದು ಬರಬೇಕು. ತಿಂಗಳಿಗೆ ಅರ್ಧ ಅಂಗುಲದಂತೆ, ವರ್ಷಕ್ಕೆ ಆರು ಅಂಗುಲ. ಒಂದೋ ನೇರ ಕೂದಲನ್ನೆಲ್ಲ ಒಂದೇ ದಿನ ಕತ್ತರಿಸಿ ಎರಡಂಗುಲದ ಕ್ರಾಪಿನಲ್ಲಿ ನಿಲ್ಲುವ ಧೈರ್ಯ ಬೇಕು, ಇಲ್ಲವೇ ಒಂದೂವರೆ ಎರಡು ವರ್ಷ ಬುಡದಲ್ಲಿ ಸುರುಳಿ, ತುದಿಯಲ್ಲಿ ನೇರ ಎಂಬಂತೆ ಒಂದೇ ತಲೆಯಲ್ಲಿ ಎರಡು ಬಗೆಯ ಕೂದಲನ್ನು ಹೊತ್ತು ತಿರುಗುವ ತಾಳ್ಮೆ ಬೇಕು. ಎರಡೂ ಸೇರುವ ಗೆರೆ ಬಹಳ ನಾಜೂಕು. ಬಾಚಣಿಗೆ ಬಿರುಸಾದರೆ ಅಲ್ಲಿಯೇ ತುಂಡು.

ಈ ಎರಡು ವರ್ಷಗಳಲ್ಲಿ ದಿನವೂ ಕಚೇರಿಗೆ ಹೋಗಬೇಕು, ನಡುವೆ ತಂಗಿಯ ಮದುವೆಯೂ ಬರುತ್ತದೆ. ಅದಕ್ಕೆ ಹೆಂಗಸರು ಆರಿಸಿಕೊಂಡದ್ದು ಅಜ್ಜಿಯರ ವಿದ್ಯೆಯನ್ನೇ. ರಾತ್ರಿ ಕೂದಲನ್ನು ತೇವ ಮಾಡಿ, ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಿಂದ ಬುಡದ ಕಡೆಗೆ ಸಿಕ್ಕು ಬಿಡಿಸಿ, ಎರಡೆರಡು ಎಳೆಯಾಗಿ ಹೊಸೆದು, ನುಣುಪು ಬಟ್ಟೆ ಕಟ್ಟಿ ಮಲಗುವುದು. ಬೆಳಿಗ್ಗೆ ಬಿಚ್ಚಿದರೆ ಬುಡಕ್ಕೂ ತುದಿಗೂ ಒಂದೇ ಅಲೆ, ಎರಡು ಬಗೆಯ ಗುರುತೇ ಸಿಗದು. ನೇರವಾದ ತುದಿ ಸುಮ್ಮನೆ ಹೊಸೆದರೆ ನಿಲ್ಲುವುದಿಲ್ಲ. ಅದನ್ನು ಸಣ್ಣ ಕಡ್ಡಿಗೆ ಸುತ್ತಬೇಕು. ವಾರವಿಡೀ ಪುರಸೊತ್ತಿಲ್ಲದವರಿಗೆ ಕಾರ್ನ್‌ರೋ. ವಿಶೇಷ ದಿನಕ್ಕೆ 'ಬಾಂಟು ಗಂಟು': ತಲೆಯನ್ನು ಚೌಕಚೌಕವಾಗಿ ಬೈತಲೆ ತೆಗೆದು, ಒಂದೊಂದು ಚೌಕದ ಕೂದಲನ್ನು ಹೊಸೆದು ಪುಟ್ಟ ತುರುಬಾಗಿ ಸುತ್ತಿಡುವುದು. ಹಾಗೆಯೇ ಬಿಟ್ಟರೂ ಚೆಂದ, ಮದುವೆಯ ಹೊತ್ತಿಗೆ ಬಿಚ್ಚಿದರೆ ದೊಡ್ಡ ಅಲೆಗಳು. ಮದುಮಗಳಿಗೆ ಮುಂಭಾಗವನ್ನು ಕಿರೀಟದಂತೆ ಹೆಣೆದು, ಉಳಿದುದನ್ನು ಎತ್ತರದ ತುರುಬು ಮಾಡಿ, ನೇರ ತುದಿಗಳನ್ನು ಒಳಗೆ ಮಡಚಿ, ಹೂ ಮುಡಿಸುತ್ತಾರೆ. ಆ ದಿನಕ್ಕೆಂದು ಕಾದ ಇಸ್ತ್ರಿ ಎಳೆಸಿಕೊಳ್ಳುವ ಆಸೆಯಾಗುತ್ತದೆ. ಆದರೆ ಅತಿ ಶಾಖಕ್ಕೆ ಹೊಸ ಸುರುಳಿಯೂ ಸತ್ತರೆ ವರ್ಷದ ಕಾಯುವಿಕೆ ಒಂದು ಸಂಜೆಗೆ ಹೋಯಿತು.

ಎಷ್ಟು ಎತ್ತರಕ್ಕೇರಿದರೂ ಈ ಲೆಕ್ಕಾಚಾರ ತಪ್ಪಿದ್ದಲ್ಲ. 2012ರ ಆಸ್ಕರ್ ಸಮಾರಂಭಕ್ಕೆ ನಟಿ ವಯೋಲಾ ಡೇವಿಸ್ ವಿಗ್ ಇಲ್ಲದೆ ತಮ್ಮ ಗಿಡ್ಡ ಸುರುಳಿಗೂದಲಿನಲ್ಲೇ ಬಂದದ್ದು ದೊಡ್ಡ ಸುದ್ದಿಯಾಯಿತು. ಅಧ್ಯಕ್ಷರ ಪತ್ನಿಯಾಗಿದ್ದ ಎಂಟು ವರ್ಷವೂ ಕೂದಲು ನೇರ ಮಾಡಿಸಿಕೊಂಡೇ ಇದ್ದ ಮಿಷೆಲ್ ಒಬಾಮಾ, ದೇಶದ ಜನ ಇನ್ನೂ ಜಡೆಗೆ ಸಿದ್ಧರಾಗಿಲ್ಲವೆಂದು ತಮಗೆ ಅನಿಸಿತ್ತೆಂಬುದನ್ನು 2022ರಲ್ಲಿ ಹೇಳಿಕೊಂಡರು. ಅದೇ ವರ್ಷ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು 33,497 ಹೆಂಗಸರ ಅಧ್ಯಯನವೊಂದನ್ನು ಪ್ರಕಟಿಸಿದರು. ಕೂದಲು ನೇರ ಮಾಡುವ ರಸಾಯನಗಳನ್ನು ಬಳಸದವರಲ್ಲಿ 70ರ ವಯಸ್ಸಿನೊಳಗೆ ಗರ್ಭಕೋಶದ ಕ್ಯಾನ್ಸರ್ ಬರುವ ಸಂಭವ ನೂರಕ್ಕೆ 1.64 ಇದ್ದರೆ, ಪದೇಪದೇ ಬಳಸುವವರಲ್ಲಿ 4.05. ರಸಾಯನವೇ ಕಾರಣವೆಂದು ಇದರಿಂದ ಸಿದ್ಧವಾಗುವುದಿಲ್ಲ. ಆದರೂ ಕಡೆಗಣಿಸುವ ಅಂಕಿಯಲ್ಲ.

ರಸಾಯನವೂ ಬೇಡ, ಕಾಯುವ ತಾಳ್ಮೆಯೂ ಇಲ್ಲ ಎನ್ನುವವರು ತಮ್ಮ ಕೂದಲನ್ನು ಹೆಣೆದು ಒಳಗಿಟ್ಟು, ಮೇಲೆ ಬೇರೆ ಕೂದಲು ಜೋಡಿಸಿಕೊಳ್ಳುತ್ತಾರೆ. ಆ ಬೇರೆ ಕೂದಲಿನಲ್ಲಿ ನಮ್ಮದೂ ಪಾಲಿದೆ. ತಿರುಮಲೆಯಲ್ಲಿ ಭಕ್ತರು ಕೊಟ್ಟ ಮುಡಿ ಹರಾಜಾಗಿ ಸಮುದ್ರ ದಾಟುವುದನ್ನು 2009ರ 'ಗುಡ್ ಹೇರ್' ಎಂಬ ಅಮೆರಿಕನ್ ಸಾಕ್ಷ್ಯಚಿತ್ರ ತೋರಿಸಿತು. ಬಾಚಣಿಗೆಯಲ್ಲಿ ಉಳಿದ ಕೂದಲನ್ನು ಉಂಡೆ ಮಾಡಿಟ್ಟು, ಬೀದಿಗೆ ಬಂದವನಿಗೆ ಕೊಟ್ಟು ಪಿನ್ನೋ ಪಾತ್ರೆಯೋ ತೆಗೆದುಕೊಂಡ ನೆನಪು ನಮ್ಮಲ್ಲಿ ಅನೇಕರಿಗಿದೆ. ಅಂಥ ಕೂದಲನ್ನು ಬಿಡಿಸಿ, ತೊಳೆದು, ಅಳತೆಯಂತೆ ವಿಂಗಡಿಸುವ ಕೆಲಸಕ್ಕೆ ಕೊಪ್ಪಳದ ಪಕ್ಕದ ಭಾಗ್ಯನಗರ ಹೆಸರಾಗಿದೆ.

ಇನ್ನು ಕಾನೂನಿನ ಮಾತು. 2019ರ ಜುಲೈನಲ್ಲಿ ಕ್ಯಾಲಿಫೋರ್ನಿಯಾ ರಾಜ್ಯ, ಜಡೆ, ಹೊಸೆದ ಕೂದಲು, ಜಟೆಗಳ ಕಾರಣಕ್ಕೆ ಕೆಲಸದಲ್ಲಾಗಲಿ ಶಾಲೆಯಲ್ಲಾಗಲಿ ಭೇದ ಮಾಡುವುದು ಜನಾಂಗಭೇದವೇ ಎಂದು ಶಾಸನ ಮಾಡಿತು. 'ಕ್ರೌನ್', ಅಂದರೆ ಕಿರೀಟ, ಎಂದು ಅದರ ಹೆಸರು. ಇಪ್ಪತ್ತಕ್ಕೂ ಹೆಚ್ಚು ರಾಜ್ಯಗಳು ಅದನ್ನು ಅನುಸರಿಸಿದವು. ಇಡೀ ದೇಶಕ್ಕೆ ಅನ್ವಯಿಸುವ ಮಸೂದೆಯನ್ನು 2022ರಲ್ಲಿ ಕೆಳಮನೆ ಒಪ್ಪಿದರೂ ಸೆನೆಟ್ಟಿನಲ್ಲಿ ಅದು ನಿಂತುಹೋಯಿತು. ಟೆಕ್ಸಾಸಿನಲ್ಲಿ ಈ ಶಾಸನ 2023ರ ಸೆಪ್ಟೆಂಬರ್ 1ರಂದು ಜಾರಿಗೆ ಬಂದರೂ, ಅಲ್ಲಿಯ ಒಂದು ಶಾಲೆ ಜಟೆ ಬಿಟ್ಟ ಕಪ್ಪು ಹುಡುಗನೊಬ್ಬನನ್ನು ತಿಂಗಳುಗಟ್ಟಲೆ ತರಗತಿಯ ಹೊರಗೇ ಕೂರಿಸಿತು. 2024ರ ಫೆಬ್ರವರಿಯಲ್ಲಿ ನ್ಯಾಯಾಧೀಶರು ಶಾಲೆ ಮಾಡಿದ್ದು ಸರಿ ಎಂದರು: ಶಾಸನ ರಕ್ಷಿಸುವುದು ಕೂದಲಿನ ಹೆಣಿಗೆಯನ್ನು, ಅದರ ಉದ್ದವನ್ನಲ್ಲ.