ಯುವಿ ಟಾರ್ಚ್ ಬಿಟ್ಟರೆ ಖೋಟಾ ನೋಟು ಗೊತ್ತಾಗುತ್ತಾ? ಹೊಳೆದರೆ ಅಸಲಿಯೋ, ನಕಲಿಯೋ?

ಹೇಳಿಕೆ: ನೇರಳೆ ಬೆಳಕಿನ ಎಲ್ಇಡಿ ಟಾರ್ಚ್ ಒಂದಿದ್ದರೆ ಸಾಕು, ಖೋಟಾ ನೋಟನ್ನು ಕ್ಷಣದಲ್ಲಿ ಪತ್ತೆ ಮಾಡಬಹುದು.

ವಾಸ್ತವ: ಅರ್ಧ ಸತ್ಯ. ನೋಟಿನ ಕೆಲವು ಭಾಗಗಳು ಅತಿನೇರಳೆ ಬೆಳಕಿನಲ್ಲಿ ಹೊಳೆಯುವುದು ನಿಜ. ಆದರೆ ಆ ಹೊಳಪೊಂದನ್ನೇ ನಂಬಿದರೆ ಅಸಲಿ ನೋಟನ್ನು ವಾಪಸ್ ಕೊಟ್ಟು, ನಕಲಿ ನೋಟನ್ನು ಗಲ್ಲಾಪೆಟ್ಟಿಗೆಗೆ ಹಾಕಿಕೊಳ್ಳುವ ಸಾಧ್ಯತೆಯೂ ಇದೆ.

ಈಗ ಬರುವ ಹಲವು ಎಲ್ಇಡಿ ಟಾರ್ಚ್‌ಗಳಲ್ಲಿ ಬಿಳಿ ದೀಪದ ಪಕ್ಕದಲ್ಲೇ ಒಂದು ನೇರಳೆ ದೀಪವೂ ಇರುತ್ತದೆ. ಟಾರ್ಚ್ ಹುಚ್ಚು ಹತ್ತಿದವರು ಅದನ್ನು ಹಿಡಿದು ರಾತ್ರಿ ಹಿತ್ತಲಲ್ಲಿ ಚೇಳು ಹುಡುಕುತ್ತಾರೆ. ಚೇಳಿನ ಮೈ ಆ ಬೆಳಕಿಗೆ ಹಸಿರು-ನೀಲಿಯಾಗಿ ಹೊಳೆಯುತ್ತದೆ, ಅದು ನಿಜವೇ. ಆದರೆ ಅದೇ ಟಾರ್ಚನ್ನು ಅಂಗಡಿಯ ಗಲ್ಲಾದ ಮೇಲಿಟ್ಟು, ಕೊಟ್ಟ 500 ರೂಪಾಯಿ ನೋಟಿನ ಹಣೆಬರಹ ಬರೆಯಬಹುದೇ? ಬನ್ನಿ, ನೋಡೋಣ.

ಮೇಟಗಳ್ಳಿಯಲ್ಲಿ ಏನು ತಯಾರಾಗುತ್ತದೆ?

ಈ ಪ್ರಶ್ನೆಯ ಉತ್ತರ ನಮ್ಮ ಮೈಸೂರಿನಲ್ಲೇ ಇದೆ. ನಗರದಿಂದ ಕೆಆರ್‌ಎಸ್ ಕಡೆಗೆ ಹೋಗುವಾಗ ಸಿಗುವ ಮೇಟಗಳ್ಳಿಯಲ್ಲಿ ರಿಸರ್ವ್ ಬ್ಯಾಂಕ್‌ನ ಅಂಗಸಂಸ್ಥೆಯಾದ ‘ಭಾರತೀಯ ರಿಸರ್ವ್ ಬ್ಯಾಂಕ್ ನೋಟ್ ಮುದ್ರಣ್’ನ ಮುದ್ರಣಾಲಯವಿದೆ. 1995ರಲ್ಲಿ ಸ್ಥಾಪನೆಯಾದ ಈ ಸಂಸ್ಥೆಯ ಮೈಸೂರಿನ ಪ್ರೆಸ್ 1996ರ ಜೂನ್ 1ರಂದು ಕೆಲಸ ಆರಂಭಿಸಿತು. ಇದರ ಇನ್ನೊಂದು ಪ್ರೆಸ್ ಪಶ್ಚಿಮ ಬಂಗಾಳದ ಸಾಲ್ಬೋನಿಯಲ್ಲಿದೆ. ನೋಟಿನ ಕಾಗದವನ್ನು ಇಲ್ಲೇ ತಯಾರಿಸಲು 2010ರಲ್ಲಿ ‘ಬ್ಯಾಂಕ್ ನೋಟ್ ಪೇಪರ್ ಮಿಲ್’ ಎಂಬ ಕಂಪನಿ ಹುಟ್ಟಿತು. ನೋಟಿನ ಶಾಯಿ ತಯಾರಿಸುವ ‘ವರ್ಣಿಕಾ’ ಘಟಕವನ್ನು 2022ರ ಮಾರ್ಚ್ 28ರಂದು ಆಗಿನ ರಿಸರ್ವ್ ಬ್ಯಾಂಕ್ ಗವರ್ನರ್ ಶಕ್ತಿಕಾಂತ ದಾಸ್ ಮೈಸೂರಿನಲ್ಲಿ ಉದ್ಘಾಟಿಸಿದರು.

ಅಂದರೆ ಕಾಗದ, ಶಾಯಿ, ಮುದ್ರಣ ಮೂರೂ ಮೈಸೂರಿನಲ್ಲೇ ಇವೆ. ನೋಟಿನ ಭದ್ರತೆಯೂ ಈ ಮೂರರಲ್ಲಿ ಹಂಚಿಹೋಗಿದೆ. ಕೆಲವು ಗುರುತುಗಳು ಕಾಗದದೊಳಗಿವೆ, ಕೆಲವು ಶಾಯಿಯಲ್ಲಿವೆ, ಕೆಲವು ಮುದ್ರಿಸುವ ರೀತಿಯಲ್ಲಿವೆ. ಯುವಿ ಟಾರ್ಚ್ ಇವುಗಳಲ್ಲಿ ಒಂದೆರಡನ್ನು ಮಾತ್ರ ತೋರಿಸಬಲ್ಲದು. ಎಡವಟ್ಟಾಗುವುದು ಇಲ್ಲೇ.

ನೋಟು ಹೊಳೆಯುವುದು ಏಕೆ?

ನಮ್ಮ ಕಣ್ಣಿಗೆ ಕಾಣುವ ಬೆಳಕಿನ ತರಂಗಾಂತರ ಸುಮಾರು 400ರಿಂದ 700 ನ್ಯಾನೋಮೀಟರ್. ಅದಕ್ಕಿಂತ ಕಡಿಮೆ ಇರುವುದು ಅತಿನೇರಳೆ, ಅಂದರೆ ಯುವಿ. ಕೆಲವು ವಸ್ತುಗಳು ಯುವಿ ಬೆಳಕನ್ನು ಹೀರಿಕೊಂಡು, ಅದನ್ನು ಕಣ್ಣಿಗೆ ಕಾಣುವ ಬಣ್ಣದಲ್ಲಿ ಹೊರಬಿಡುತ್ತವೆ. ಇದೇ ಪ್ರತಿದೀಪ್ತಿ.

ನೋಟಿನ ನಂಬರ್ ಮುದ್ರಿಸುವ ಶಾಯಿ ಹೀಗೆ ಹೊಳೆಯುವಂಥದ್ದು. ಕಾಗದದೊಳಗೆ ಸಣ್ಣ ಸಣ್ಣ ನಾರಿನ ಎಳೆಗಳೂ ಇರುತ್ತವೆ. ಮಾಮೂಲಿ ಬೆಳಕಿನಲ್ಲಿ ಕಾಣದ ಇವು ಯುವಿಯಲ್ಲಿ ಅಲ್ಲಲ್ಲಿ ಗೆರೆ ಎಳೆದಂತೆ ಕಾಣಿಸುತ್ತವೆ.

ಆದರೆ ನೋಟಿನ ಕಾಗದ ಹೊಳೆಯಬಾರದು. ನಾವು ಬಳಸುವ ಜೆರಾಕ್ಸ್ ಹಾಳೆ ಬೆಳ್ಳಗೆ ಕಾಣಲೆಂದು ಅದಕ್ಕೆ ಹೊಳಪಿನ ರಾಸಾಯನಿಕ ಬೆರೆಸಿರುತ್ತಾರೆ. ಹಾಗಾಗಿ ಯುವಿ ಬಿದ್ದರೆ ಅದು ನೀಲಿಯಾಗಿ ಝಗ್ಗೆನ್ನುತ್ತದೆ. ನೋಟಿನ ಕಾಗದವನ್ನು ಹತ್ತಿಯ ನಾರಿನಿಂದ ಮಾಡುತ್ತಾರೆ, ಈ ರಾಸಾಯನಿಕ ಸೇರಿಸುವುದಿಲ್ಲ. ಆದ್ದರಿಂದ ಅದು ಮಂಕಾಗಿಯೇ ಇರುತ್ತದೆ.

ಅಂದರೆ ಇಡೀ ನೋಟು ಫಳಫಳ ಹೊಳೆದರೆ ಖುಷಿಪಡುವ ಬದಲು ಅನುಮಾನ ಪಡಬೇಕು. ‘ಹೊಳೆದರೆ ಅಸಲಿ’ ಎಂದು ತಿಳಿದವರು ತಲೆಕೆಳಗಾಗಿ ತಿಳಿದಿದ್ದಾರೆ.

ಟಾರ್ಚ್ ಎಲ್ಲಿ ದಾರಿ ತಪ್ಪಿಸುತ್ತದೆ?

ಮೊದಲನೆಯದು, ಟಾರ್ಚ್‌ನ ಗುಣಮಟ್ಟ. ಅಗ್ಗದ ‘ಯುವಿ’ ಟಾರ್ಚ್‌ಗಳಲ್ಲಿ ಸಾಮಾನ್ಯವಾಗಿ 395 ನ್ಯಾನೋಮೀಟರ್ ಆಸುಪಾಸಿನ ಎಲ್ಇಡಿ ಇರುತ್ತದೆ. ಅದರಿಂದ ಕಣ್ಣಿಗೆ ಕಾಣುವ ನೇರಳೆ ಬಣ್ಣವೂ ಧಾರಾಳವಾಗಿ ಹೊರಬರುತ್ತದೆ. ಆ ನೇರಳೆ ನೋಟಿನ ಮೇಲೆಲ್ಲ ಚೆಲ್ಲಿ, ನಾರಿನ ಎಳೆಗಳ ಸಣ್ಣ ಹೊಳಪನ್ನು ನುಂಗಿಬಿಡುತ್ತದೆ. ಕಾಗದ ಹೊಳೆಯುತ್ತಿದೆಯೋ, ಟಾರ್ಚ್‌ನ ಬಣ್ಣವೇ ವಾಪಸ್ ಬರುತ್ತಿದೆಯೋ ಗೊತ್ತಾಗುವುದಿಲ್ಲ. 365 ನ್ಯಾನೋಮೀಟರ್ ಎಲ್ಇಡಿ ಇದ್ದು, ಮುಂದೆ ಕಪ್ಪು ಗಾಜಿನ ಫಿಲ್ಟರ್ ಇರುವ ಟಾರ್ಚ್‌ನಲ್ಲಿ ಈ ತೊಂದರೆ ಕಡಿಮೆ. ಗೋಡೆಗೆ ಬಿಟ್ಟಾಗ ಅದರ ಬೆಳಕು ಮಬ್ಬಾಗಿ ಕಾಣುತ್ತದೆ. ‘ಇದೇನು, ಬೆಳಕೇ ಇಲ್ಲವಲ್ಲ’ ಎಂದು ಬೇಸರಪಡಬೇಡಿ, ಒಳ್ಳೆಯ ಯುವಿ ಟಾರ್ಚ್ ಇರುವುದೇ ಹಾಗೆ.

ಎರಡನೆಯದು, ಬಟ್ಟೆ ಸೋಪು. ಬಟ್ಟೆ ಬೆಳ್ಳಗಾಗಲೆಂದು ಹಲವು ಡಿಟರ್ಜೆಂಟ್ ಪುಡಿಗಳಲ್ಲೂ ಇಂಥದೇ ಹೊಳಪಿನ ರಾಸಾಯನಿಕ ಇರುತ್ತದೆ. ಅಂಗಿ ಜೇಬಿನಲ್ಲೇ ಉಳಿದು ವಾಷಿಂಗ್ ಮಷಿನ್‌ನಲ್ಲಿ ಒಂದು ಸುತ್ತು ಹಾಕಿ ಬಂದ ನೋಟು ಯುವಿಯಲ್ಲಿ ಹೊಳೆಯಬಹುದು. ಅದು ಮೇಟಗಳ್ಳಿಯಲ್ಲೇ ಅಚ್ಚಾದ ಅಪ್ಪಟ ನೋಟಾಗಿರಬಹುದು! ದಿನದ ಕೂಲಿಯಾಗಿ ಸಿಕ್ಕ ನೋಟನ್ನು ದಿನಸಿಗೆ ತಂದವರ ಮುಂದೆ ‘ಇದು ಖೋಟಾ’ ಎಂದುಬಿಟ್ಟರೆ, ಹೋಗುವುದು ಅವರ ದುಡ್ಡು ಮಾತ್ರವಲ್ಲ, ಮಾನವೂ ಹೋಗುತ್ತದೆ.

ಮೂರನೆಯದು, ನಕಲಿ ಮಾಡುವವರ ಜಾಣತನ. ಯುವಿಯಲ್ಲಿ ಹೊಳೆಯುವ ಶಾಯಿ ಅಪರೂಪದ ವಸ್ತುವೇನಲ್ಲ. ಹೊಳೆಯದ ಕಾಗದವೂ ಸಿಗುತ್ತದೆ. ಆದ್ದರಿಂದ ಯುವಿಯಲ್ಲಿ ‘ಪಾಸ್’ ಆದ ಮಾತ್ರಕ್ಕೆ ನೋಟು ಅಸಲಿ ಆಗಿಬಿಡುವುದಿಲ್ಲ.

ಬಿಳಿ ಟಾರ್ಚ್ ಸಾಕು, ಮೊಬೈಲ್‌ನದ್ದಾದರೂ ಆದೀತು

ನಕಲು ಮಾಡಲು ನಿಜಕ್ಕೂ ಕಷ್ಟವಾದ ಗುರುತುಗಳನ್ನು ನೋಡಲು ಯುವಿ ಬೇಕಾಗಿಲ್ಲ. ಈಗಿನ 500 ರೂಪಾಯಿ ನೋಟು ತೆಗೆದುಕೊಳ್ಳಿ. ಕಲ್ಲಿನ ಬೂದು ಬಣ್ಣ, ಹಿಂದೆ ಕೆಂಪುಕೋಟೆ, ಅಳತೆ 66 ಮಿ.ಮೀ. ಮತ್ತು 150 ಮಿ.ಮೀ. ಈಗ ಹೀಗೆ ಮಾಡಿ:

1. ಹಿಂದಿನಿಂದ ಬೆಳಕು ಬಿಡಿ. ಮುಂಭಾಗದ ಬಲಗಡೆ ಖಾಲಿ ಜಾಗದಲ್ಲಿ ಗಾಂಧೀಜಿ ಮುಖ ಮತ್ತು 500 ಎಂಬ ಅಂಕಿ ನೆರಳು-ಬೆಳಕಿನಲ್ಲಿ ಮೂಡಬೇಕು. ಇದು ವಾಟರ್‌ಮಾರ್ಕ್. ಕಾಗದ ತಯಾರಿಸುವಾಗಲೇ ದಪ್ಪ-ತೆಳು ಮಾಡಿ ಮೂಡಿಸಿರುತ್ತಾರೆ, ಮೇಲಿಂದ ಅಚ್ಚು ಹಾಕಿದ್ದಲ್ಲ. ಎಡಗಡೆ, ಎರಡೂ ಬದಿಯಲ್ಲಿ ಅರ್ಧರ್ಧ ಅಚ್ಚಾದ ಗೆರೆಗಳು ಸೇರಿ 500 ಆಗಬೇಕು.

2. ಪಕ್ಕದಿಂದ ಓರೆಯಾಗಿ ಬೆಳಕು ಬಿಡಿ. ಗಾಂಧೀಜಿ ಚಿತ್ರ, ಅಶೋಕ ಸ್ತಂಭ, ಎಡಬಲ ಅಂಚಿನ ಐದೈದು ಓರೆಗೆರೆಗಳು ಉಬ್ಬಿದಂತೆ ಕಾಣುತ್ತವೆ. ಬೆರಳಾಡಿಸಿದರೂ ತಿಳಿಯುತ್ತದೆ. ಕಣ್ಣು ಕಾಣದವರೂ ನೋಟನ್ನು ಗುರುತಿಸಲಿ ಎಂದೇ ಈ ಉಬ್ಬು.

3. ನೋಟನ್ನು ವಾಲಿಸಿ. ಭದ್ರತಾ ಎಳೆಯ ಬಣ್ಣ ಹಸಿರಿನಿಂದ ನೀಲಿಗೆ ತಿರುಗಬೇಕು. ಕೆಳಗೆ ಬಲಗಡೆ ಇರುವ 500 ಎಂಬ ಅಂಕಿಯ ಬಣ್ಣವೂ ಹಾಗೆಯೇ ಬದಲಾಗಬೇಕು. ಜೆರಾಕ್ಸ್ ಆಗಲಿ, ಮಾಮೂಲಿ ಕಲರ್ ಪ್ರಿಂಟರ್ ಆಗಲಿ ಈ ಬಣ್ಣ ಬದಲಾವಣೆಯನ್ನು ತರಲಾರವು.

ಇಲ್ಲಿ ಟಾರ್ಚ್ ಪ್ರಿಯರಿಗೊಂದು ಕಿವಿಮಾತು. ಹೆಚ್ಚು ಲ್ಯುಮೆನ್ ಇದ್ದಷ್ಟೂ ಒಳ್ಳೆಯದು ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಸಾವಿರ ಲ್ಯುಮೆನ್ ಟಾರ್ಚನ್ನು ಪೂರ್ತಿ ಉರಿಸಿ ನೋಟಿನ ಹಿಂದೆ ಹಿಡಿದರೆ ವಾಟರ್‌ಮಾರ್ಕ್ ಬೆಳಕಿನಲ್ಲೇ ಕರಗಿಹೋಗುತ್ತದೆ. ಕಡಿಮೆ ಮೋಡ್‌ಗೆ ಹಾಕಿ, ಸ್ವಲ್ಪ ದೂರ ಹಿಡಿಯಿರಿ.

ಈ ಮೂರನ್ನು ನೋಡಿಯೂ ಅನುಮಾನ ಉಳಿದರೆ ಆಗ ಯುವಿ ಬಿಡಿ. ಅದು ನಾಲ್ಕನೇ ಸಾಕ್ಷಿಯೇ ಹೊರತು ತೀರ್ಪು ಕೊಡುವ ನ್ಯಾಯಾಧೀಶನಲ್ಲ. ಬಿಡುವಾಗ ಕಣ್ಣಿಗೆ ಬೀಳದಂತೆ ನೋಡಿಕೊಳ್ಳಿ. 365 ನ್ಯಾನೋಮೀಟರ್ ಬೆಳಕು ಕಣ್ಣಿಗೆ ಮಬ್ಬಾಗಿ ಕಾಣುವುದರಿಂದ ನಾವು ರೆಪ್ಪೆ ಮುಚ್ಚುವುದೂ ಇಲ್ಲ, ಅಪಾಯ ಇರುವುದು ಅದರಲ್ಲೇ. ಮಕ್ಕಳ ಕೈಗೆ ಆಟಕ್ಕಂತೂ ಕೊಡಲೇಬೇಡಿ.

ನೋಟಿನ ಬಗ್ಗೆ ಸುತ್ತುವ ಇನ್ನೆರಡು ಸುಳ್ಳು

2016ರ ನವೆಂಬರ್‌ನಲ್ಲಿ 2000 ರೂಪಾಯಿ ನೋಟು ಬಂದಾಗ, ಅದರೊಳಗೆ ಉಪಗ್ರಹಕ್ಕೆ ಸಿಗ್ನಲ್ ಕಳಿಸುವ ನ್ಯಾನೋ ಚಿಪ್ ಇದೆ ಎಂಬ ಸುದ್ದಿ ಹರಡಿತ್ತು. ಅಂಥ ಚಿಪ್ ಯಾವ ನೋಟಿನಲ್ಲೂ ಇಲ್ಲ. ನಂಬರ್ ನಡುವೆ ನಕ್ಷತ್ರ ಚಿಹ್ನೆ ಇರುವ ನೋಟು ನಕಲಿ ಎಂಬ ಸಂದೇಶವೂ ಓಡಾಡಿತು. ಅಚ್ಚಾಗುವಾಗ ಕೆಟ್ಟ ನೋಟಿನ ಬದಲಿಗೆ ಸೇರಿಸುವ ನೋಟಿಗೆ ಆ ಗುರುತು ಇರುತ್ತದೆ, ಅದೂ ಅಸಲಿಯೇ ಎಂದು ರಿಸರ್ವ್ ಬ್ಯಾಂಕ್ 2023ರ ಜುಲೈನಲ್ಲಿ ಸ್ಪಷ್ಟಪಡಿಸಿದೆ.

ಖೋಟಾ ಎಂಬ ಅನುಮಾನ ಬಂದರೆ ಏನು ಮಾಡಬೇಕು?

‘ಯಾರೋ ನನಗೆ ದಾಟಿಸಿದರು, ನಾನೂ ಇನ್ನೊಬ್ಬರಿಗೆ ದಾಟಿಸುತ್ತೇನೆ’ ಎಂದು ಮಾತ್ರ ಹೊರಡಬೇಡಿ. ಖೋಟಾ ಎಂದು ಗೊತ್ತಿದ್ದೂ ಚಲಾಯಿಸುವುದು ಭಾರತೀಯ ನ್ಯಾಯ ಸಂಹಿತೆಯ 179ನೇ ಸೆಕ್ಷನ್ ಪ್ರಕಾರ ಅಪರಾಧ. 10 ವರ್ಷದವರೆಗೆ ಜೈಲು ಅಥವಾ ಜೀವಾವಧಿ ಶಿಕ್ಷೆ, ಜತೆಗೆ ದಂಡಕ್ಕೂ ಅವಕಾಶವಿದೆ.

ನೋಟನ್ನು ಬ್ಯಾಂಕಿಗೆ ಒಯ್ಯಿರಿ. ಅಲ್ಲಿ ಮಷಿನ್‌ನಲ್ಲಿ ಪರೀಕ್ಷಿಸುತ್ತಾರೆ. ಖೋಟಾ ಆಗಿದ್ದರೆ ಮುದ್ರೆ ಒತ್ತಿ ವಶಪಡಿಸಿಕೊಂಡು ನಿಮಗೆ ರಸೀದಿ ಕೊಡಬೇಕು, ಅದನ್ನು ಕೇಳಿ ಪಡೆಯಿರಿ. ಅದರ ಬದಲಿಗೆ ಹಣ ಸಿಗುವುದಿಲ್ಲ ಎಂಬುದು ಕಹಿ ಸತ್ಯ. ಒಂದೇ ವಹಿವಾಟಿನಲ್ಲಿ ನಾಲ್ಕರವರೆಗೆ ಖೋಟಾ ನೋಟು ಸಿಕ್ಕರೆ ಬ್ಯಾಂಕ್ ತಿಂಗಳ ಕೊನೆಗೆ ಪೊಲೀಸರಿಗೆ ಒಟ್ಟಾಗಿ ವರದಿ ಕೊಡುತ್ತದೆ. ಐದು ಅಥವಾ ಹೆಚ್ಚು ಸಿಕ್ಕರೆ ಎಫ್‌ಐಆರ್ ದಾಖಲಾಗುತ್ತದೆ. ಸೋಪಿನಲ್ಲಿ ತೊಳೆದುಹೋದ ಅಸಲಿ ನೋಟಾಗಿದ್ದರೆ ಬ್ಯಾಂಕಿನಲ್ಲೇ ಬದಲಾಯಿಸಿಕೊಳ್ಳಬಹುದು.

ಕೊನೆಯ ಮಾತು

ಯುವಿ ಟಾರ್ಚ್ ಕೆಲಸಕ್ಕೆ ಬಾರದ ವಸ್ತುವಲ್ಲ. ಆದರೆ ಅದೊಂದನ್ನೇ ನೆಚ್ಚಿ ನೋಟು ತಿರಸ್ಕರಿಸಬೇಡಿ, ಒಪ್ಪಲೂ ಬೇಡಿ. ಮೊದಲು ಬೆಳಕಿಗೆ ಹಿಡಿಯಿರಿ, ಬೆರಳಾಡಿಸಿ, ವಾಲಿಸಿ ನೋಡಿ. ‘ಒಂದು ಟಾರ್ಚ್ ಸಾಕು’ ಎಂಬ ಸಂದೇಶ ನಿಮ್ಮ ಗುಂಪಿಗೆ ಬಂದರೆ, ಅದನ್ನು ಮುಂದಕ್ಕೆ ಕಳಿಸುವ ಬದಲು ಈ ಮೂರು ಪರೀಕ್ಷೆಗಳನ್ನು ಕಳಿಸಿ. ನಿಮ್ಮ ಬೀದಿಯ ಅಂಗಡಿಯವರಿಗೂ, ಅವರ ಗಿರಾಕಿಗಳಿಗೂ ಉಪಕಾರವಾದೀತು.