ಗಡಿಯಾರದ ಊರಿನ ಪದವಿ

ಜರ್ಮನಿಯ ಕನ್ನಡ ಮನೆಗಳಲ್ಲಿ ಮಕ್ಕಳು ಆಬಿಟೂರ್ ಮುಗಿಸುವ ಹೊತ್ತಿಗೆ ಒಂದು ಚರ್ಚೆ ಶುರುವಾಗುತ್ತದೆ. ಆಬಿಟೂರ್ ಅಂದ್ರೆ ನಮ್ಮ ಪಿಯುಸಿಯ ಹಾಗೆ, ಶಾಲೆಯ ಕೊನೆಯ ಪರೀಕ್ಷೆ. ಮಗಳು "ನಾನು ಮೀಡಿಯೆನ್‌ಇನ್‌ಫೊರ್ಮಾಟಿಕ್ ಓದ್ತೀನಿ" ಅಂತಾಳೆ. "ಬರೀ ಇನ್‌ಫೊರ್ಮಾಟಿಕ್ ಓದಬಾರದಾ?" ಅಂತ ಅಪ್ಪ. "ಮೀಡಿಯಾ ಅಂದ್ರೆ ಪೇಪರ್‌ನಲ್ಲಿ ಬರೆಯೋದಾ ಪುಟ್ಟಿ?" ಅಂತ ಊರಿಂದ ಫೋನಿನಲ್ಲಿ ದೊಡ್ಡಪ್ಪ. ಹಿರಿಯರ ಅನುಮಾನ ಒಂದೇ: ಇದು ಅರ್ಧ ಕಂಪ್ಯೂಟರ್, ಅರ್ಧ ಚಿತ್ರಕಲೆ, ಎರಡರಲ್ಲೂ ಪೂರ್ತಿಯಾಗದ ಪದವಿಯೇ? ಇದಕ್ಕೆ ಉತ್ತರ ಬೇಕಾದರೆ ಕಾಲೇಜುಗಳ ಜಾಹೀರಾತಿಗಿಂತ ಇತಿಹಾಸವನ್ನು ನೋಡುವುದು ಒಳ್ಳೆಯದು.

ಮೊದಲು ಹೆಸರು. "ಇನ್‌ಫೊರ್ಮಾಟಿಕ್" ಎಂಬ ಪದವನ್ನು 1957ರಲ್ಲಿ ಜರ್ಮನ್ ಭಾಷೆಗೆ ತಂದವರು ಕಾರ್ಲ್ ಸ್ಟೈನ್‌ಬುಖ್. ಮಾಹಿತಿಯನ್ನು ಯಂತ್ರವೇ ತಾನಾಗಿ ಸಂಸ್ಕರಿಸುವ ವಿದ್ಯೆ ಎಂಬ ಅರ್ಥದಲ್ಲಿ ಅವರು ಅದನ್ನು ಬಳಸಿದರು. 1960ರ ದಶಕದ ಕೊನೆಗೆ ಅದು ವಿಶ್ವವಿದ್ಯಾಲಯಗಳಲ್ಲಿ ಓದುವ ವಿಷಯವಾಯಿತು. ಆಗ ಕಂಪ್ಯೂಟರ್ ಅಂದ್ರೆ ಮುಖ್ಯವಾಗಿ ಲೆಕ್ಕ ಮಾಡುವ ಯಂತ್ರ. ಚಿತ್ರ, ಸಂಗೀತ, ಸಿನಿಮಾ ಎಲ್ಲ ಬೇರೆಯವರ ಕೆಲಸ.

ಆದರೆ ಈ ಎರಡು ಲೋಕಗಳು ಅದಕ್ಕೂ ಮೊದಲೇ ಒಂದನ್ನೊಂದು ಮುಟ್ಟಿದ್ದವು. 1941ರ ಮೇ ತಿಂಗಳಲ್ಲಿ ಬರ್ಲಿನ್‌ನಲ್ಲಿ ಕೊನ್ರಾಡ್ ತ್ಸೂಸೆ ತಮ್ಮ ಜೆಡ್3 ಯಂತ್ರವನ್ನು ತೋರಿಸಿದರು. ಪ್ರೋಗ್ರಾಂ ಹೇಳಿದಂತೆ ತಾನಾಗಿ ಲೆಕ್ಕ ಮಾಡುವ ಯಂತ್ರ ಅದು. ಆ ಪ್ರೋಗ್ರಾಂ ಇದ್ದದ್ದು ಎಲ್ಲಿ ಗೊತ್ತಾ? ಬಳಸಿ ಬಿಸಾಡಿದ 35 ಮಿಲಿಮೀಟರ್ ಸಿನಿಮಾ ಫಿಲ್ಮ್ ಮೇಲೆ, ತೂತುಗಳ ರೂಪದಲ್ಲಿ. ಚಿತ್ರವೂ ಸಂಖ್ಯೆಯೂ ಒಂದೇ ಪಟ್ಟಿಯ ಮೇಲಿದ್ದವು, ಆದರೆ ಒಂದಕ್ಕೊಂದು ಮಾತು ಬರುತ್ತಿರಲಿಲ್ಲ. ಯಂತ್ರಕ್ಕೆ ತೂತು ಮಾತ್ರ ಗೊತ್ತು.

ಇಬ್ಬರೂ ಮುಖಾಮುಖಿಯಾದದ್ದು 1965ರ ಫೆಬ್ರವರಿಯಲ್ಲಿ, ಸ್ಟುಟ್‌ಗಾರ್ಟ್‌ನಲ್ಲಿ. ತತ್ತ್ವಶಾಸ್ತ್ರದ ಪ್ರೊಫೆಸರ್ ಮಾಕ್ಸ್ ಬೆನ್ಸೆ ಅವರ ಗ್ಯಾಲರಿಯಲ್ಲಿ ಗಿಯೋರ್ಗ್ ನೇಸ್ ಎಂಬ ಗಣಿತಜ್ಞರ ಚಿತ್ರಗಳ ಪ್ರದರ್ಶನ ನಡೆಯಿತು. ಎಲ್ಲವೂ ಪ್ರೋಗ್ರಾಂ ಬರೆದು ಯಂತ್ರದಿಂದ ಎಳೆಸಿದ ಗೆರೆಗಳು. ಬಂದಿದ್ದ ಕಲಾವಿದರು ಸಿಟ್ಟಾದರು. ಬೆನ್ಸೆ ಅವರನ್ನು ಸಮಾಧಾನ ಮಾಡಲು ಇದನ್ನು "ಕೃತಕ ಕಲೆ" ಎಂದು ಕರೆದರಂತೆ. ಅದೇ ವರ್ಷದ ನವೆಂಬರ್‌ನಲ್ಲಿ ಫ್ರೀಡರ್ ನಾಕೆ ಎಂಬ ಗಣಿತದ ತರುಣನೂ ಅದೇ ಊರಿನಲ್ಲಿ ತನ್ನ ಕಂಪ್ಯೂಟರ್ ಚಿತ್ರಗಳನ್ನು ಪ್ರದರ್ಶಿಸಿದ. ಅವನ ಗೆರೆಗಳನ್ನು ಎಳೆದದ್ದು ತ್ಸೂಸೆ ಕಂಪನಿಯದೇ ಗ್ರಾಫೋಮಾಟ್ ಯಂತ್ರ. ಇಲ್ಲಿ ಒಂದು ಸಂಗತಿ ಗಮನಿಸಿ: ಚಿತ್ರ ಬರೆಸಲು ಹೊರಟ ಇಬ್ಬರೂ ಗಣಿತದವರು. ಗೆರೆ ಎಲ್ಲಿಂದ ಎಲ್ಲಿಗೆ ಹೋಗಬೇಕು, ಎಷ್ಟರಮಟ್ಟಿಗೆ ಅದನ್ನು ಅದೃಷ್ಟಕ್ಕೆ ಬಿಡಬೇಕು ಅನ್ನುವುದನ್ನು ಅವರು ಸೂತ್ರವಾಗಿ ಬರೆಯಬೇಕಿತ್ತು.

ಕಣ್ಣಿನ ಕತೆ ಇದಾದರೆ, ಕಿವಿಯ ಕತೆ ಎರ್ಲಾಂಗನ್‌ನದು. ಇದನ್ನು ನೀವು ಓದುವ ಬದಲು ಕೇಳುತ್ತಿದ್ದರೆ, ಆ ಊರಿಗೆ ಒಂದು ನಮಸ್ಕಾರ ಹೇಳಬಹುದು. ಅಲ್ಲಿನ ಫ್ರೌನ್‌ಹೋಫರ್ ಸಂಸ್ಥೆಯಲ್ಲಿ ಎಂಪಿ3 ರೂಪುಗೊಂಡಿತು. ಅದರ ಮುಖ್ಯ ಸಂಶೋಧಕರಲ್ಲಿ ಒಬ್ಬರಾದ ಕಾರ್ಲ್‌ಹೈನ್ಸ್ ಬ್ರಾಂಡನ್‌ಬುರ್ಗ್ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಮತ್ತು ಗಣಿತ ಎರಡನ್ನೂ ಓದಿದವರು. ಸಿಡಿಯಲ್ಲಿ ಒಂದು ಸೆಕೆಂಡಿನ ಸಂಗೀತಕ್ಕೆ ಸುಮಾರು 14 ಲಕ್ಷ ಬಿಟ್‌ಗಳು ಬೇಕು. ಎಂಪಿ3 ಅದನ್ನು 1 ಲಕ್ಷ 28 ಸಾವಿರಕ್ಕೆ ಇಳಿಸಬಲ್ಲದು, ಅಂದ್ರೆ ಹನ್ನೊಂದರಲ್ಲಿ ಒಂದು ಪಾಲು. ಹೇಗೆ? ಜೋರಾದ ಸದ್ದಿನ ಪಕ್ಕದಲ್ಲಿರುವ ಮೆಲ್ಲನೆಯ ಸದ್ದು ನಮ್ಮ ಕಿವಿಗೆ ಬೀಳುವುದೇ ಇಲ್ಲ. ಕೇಳಿಸದ್ದನ್ನು ಕಳಿಸುವುದೇಕೆ? ಈ ಉಪಾಯ ಸರಿಯಾಗಿದೆಯೇ ಎಂದು ನೋಡಲು ಸುಝೇನ್ ವೇಗಾ ಅವರ "ಟಾಮ್ಸ್ ಡೈನರ್" ಹಾಡನ್ನು ಬಳಸಿದರು. ವಾದ್ಯಗಳಿಲ್ಲದ ಒಂಟಿ ಕಂಠದಲ್ಲಿ ಸಣ್ಣ ದೋಷವೂ ಸಿಕ್ಕಿಬೀಳುತ್ತದೆ. ಬರೀ ಗಣಿತ ಗೊತ್ತಿದ್ದವರಿಗೆ ಏನನ್ನು ಬಿಡಬಹುದು ಅಂತ ತಿಳಿಯುತ್ತಿರಲಿಲ್ಲ, ಬರೀ ಸಂಗೀತ ಗೊತ್ತಿದ್ದವರಿಗೆ ಅದನ್ನು ಬಿಡುವುದು ಹೇಗೆ ಅಂತ ತಿಳಿಯುತ್ತಿರಲಿಲ್ಲ.

ಎರಡೂ ಗೊತ್ತಿರುವವರನ್ನು ಪಾಠ ಹೇಳಿಯೇ ತಯಾರು ಮಾಡಬಹುದೇ? ಈ ಪ್ರಶ್ನೆಗೆ ಬೇಗನೆ ಉತ್ತರ ಕೊಟ್ಟ ಊರುಗಳಲ್ಲಿ ಒಂದು ಫುರ್ಟ್‌ವಾಂಗನ್. ಕಪ್ಪು ಕಾಡು ಎಂದು ಹೆಸರಾದ ಶ್ವಾರ್ಟ್ಸ್‌ವಾಲ್ಡ್ ಬೆಟ್ಟಗಳ ನಡುವಿನ ಸಣ್ಣ ಊರು. 1850ರಲ್ಲಿ ಅಲ್ಲಿ ಗಡಿಯಾರ ಮಾಡುವವರಿಗಾಗಿ ಒಂದು ಶಾಲೆ ತೆರೆಯಿತು. ಅದರ ಮೊದಲ ಮುಖ್ಯಸ್ಥ ರೋಬರ್ಟ್ ಗೆರ್ವಿಗ್‌ಗೆ, ಒಳಗಿನ ಯಂತ್ರ ಚೆನ್ನಾಗಿದ್ದರೆ ಸಾಲದು, ಹೊರಗಿನ ರೂಪವೂ ಕಾಲಕ್ಕೆ ತಕ್ಕಂತಿರಬೇಕು ಅನ್ನಿಸಿತು. ವಿನ್ಯಾಸಕ್ಕಾಗಿ ಸ್ಪರ್ಧೆ ಕರೆದ. ರೈಲ್ವೆ ಕಟ್ಟಡಗಳ ವಾಸ್ತುಶಿಲ್ಪಿ ಫ್ರೀಡ್ರಿಖ್ ಐಸೆನ್‌ಲೋರ್, ರೈಲು ಹಳಿ ಕಾಯುವವನ ಪುಟ್ಟ ಮನೆಯ ಮುಖಕ್ಕೆ ಗಡಿಯಾರ ಕೂರಿಸಿದಂತಹ ಚಿತ್ರ ಕಳಿಸಿದ. ಇವತ್ತು ನಾವು ಊರಿಗೆ ಹೋಗುವಾಗ ಉಡುಗೊರೆಗೆ ಕೊಳ್ಳುವ ಕುಕ್ಕೂ ಗಡಿಯಾರದ ಮನೆಯಾಕಾರ ಬಂದದ್ದು ಅಲ್ಲಿಂದಲೇ.

ಆ ಶಾಲೆಯ ಪರಂಪರೆಯಲ್ಲೇ ಬೆಳೆದ ಕಾಲೇಜು 1990ರಲ್ಲಿ ಮೀಡಿಯೆನ್‌ಇನ್‌ಫೊರ್ಮಾಟಿಕ್ ಪದವಿಯನ್ನು ಆರಂಭಿಸಿತು. ಜನರ ಕೈಗೆ ವೆಬ್ ಇನ್ನೂ ಬಂದಿರಲಿಲ್ಲ. ಮುಂದೆ ಡ್ರೆಸ್ಡೆನ್, ಉಲ್ಮ್, ಮ್ಯೂನಿಕ್‌ನ ವಿಶ್ವವಿದ್ಯಾಲಯಗಳೂ ಇದೇ ಹೆಸರಿನ ಪಾಠಕ್ರಮ ತೆರೆದವು. 2001ರಲ್ಲಿ ಸ್ಟುಟ್‌ಗಾರ್ಟ್‌ನಲ್ಲಿ ಮುದ್ರಣ ಕಲಿಸುವ ಕಾಲೇಜು ಮತ್ತು ಗ್ರಂಥಾಲಯ ವಿದ್ಯೆ ಕಲಿಸುವ ಕಾಲೇಜು ಒಂದಾಗಿ "ಹೋಖ್‌ಶೂಲೆ ಡೆರ್ ಮೀಡಿಯೆನ್" ಆಯಿತು. ಅಲ್ಲೂ ಈ ಪದವಿಯಿದೆ.

1999ರ ಬೊಲೊನ್ಯಾ ಒಪ್ಪಂದದ ನಂತರ ಹಳೆಯ ಡಿಪ್ಲೋಮ್ ಪದವಿಯ ಜಾಗಕ್ಕೆ ಬ್ಯಾಚುಲರ್ ಬಂತು. ಈಗ ಸಾಮಾನ್ಯವಾಗಿ ಆರು ಸೆಮಿಸ್ಟರ್‌ಗೆ 180 ಕ್ರೆಡಿಟ್, ಏಳಾದರೆ 210. ಒಂದು ಕ್ರೆಡಿಟ್ ಅಂದ್ರೆ 25ರಿಂದ 30 ಗಂಟೆಗಳ ದುಡಿಮೆ. ಫೋಟೊಶಾಪ್ ಕಲಿಯೋಣ ಅಂತ ಬಂದವರಿಗೆ ಮೊದಲ ವರ್ಷವೇ ಎದುರಾಗುವುದು ಲೀನಿಯರ್ ಆಲ್ಜೀಬ್ರಾ, ಪ್ರೋಗ್ರಾಮಿಂಗ್, ಆಲ್ಗರಿದಮ್. ಪರದೆಯ ಮೇಲಿನ ಒಂದು ಕುರ್ಚಿಯನ್ನು ತಿರುಗಿಸಿ ತೋರಿಸಬೇಕಾದರೂ ಮ್ಯಾಟ್ರಿಕ್ಸ್ ಬೇಕು. ಗಣಿತ ತಪ್ಪಿಸಿಕೊಳ್ಳಲು ಈ ದಾರಿ ಹಿಡಿದವರು ಅಲ್ಲೇ ಎಡವುತ್ತಾರೆ.

ಇದರಲ್ಲಿ ಕನ್ನಡಕ್ಕೇನು ಕೆಲಸ ಅಂತೀರಾ? "ಸ್ತ್ರೀ" ಎಂಬ ಅಕ್ಷರ ನೋಡಿ. ಅಜ್ಜಿಯ ಕಣ್ಣಿಗೆ ಅದು ಒಂದೇ ಅಕ್ಷರ. ಕಂಪ್ಯೂಟರ್ ಒಳಗೆ ಸಾಮಾನ್ಯವಾಗಿ ಅದು ಆರು ಸಂಕೇತಗಳು: ಸ, ವಿರಾಮ ಚಿಹ್ನೆ, ತ, ಮತ್ತೆ ವಿರಾಮ ಚಿಹ್ನೆ, ರ, ಕೊನೆಗೆ ದೀರ್ಘದ ಗುರುತು. ಯುನಿಕೋಡ್ 1991ರಲ್ಲೇ ಕನ್ನಡಕ್ಕೆ ಸಂಕೇತಗಳನ್ನು ಕೊಟ್ಟಿತು. ಆದರೆ ಒತ್ತಕ್ಷರ ಎಲ್ಲಿ ಕೂರಬೇಕು, ಅಳಿಸುವ ಕೀ ಒತ್ತಿದರೆ ಎಷ್ಟು ಅಳಿಯಬೇಕು ಅನ್ನುವುದು ಸಂಕೇತದಿಂದಷ್ಟೇ ತೀರ್ಮಾನವಾಗುವುದಿಲ್ಲ. ಅದಕ್ಕೆ ಯಂತ್ರದ ಲೆಕ್ಕವೂ ಗೊತ್ತಿರಬೇಕು, ಅಜ್ಜಿಯ ಕಣ್ಣೂ ಗೊತ್ತಿರಬೇಕು.

ಹಾಗಾಗಿ ಇದು ಅರ್ಧ ಪದವಿಯಲ್ಲ, ಸುಲಭದ ಪದವಿಯೂ ಅಲ್ಲ. ಆಯ್ಕೆ ಮಾಡುವವರು ಆ ಕಾಲೇಜಿನ ಪಾಠಪಟ್ಟಿ ತೆಗೆದು, ಗಣಿತಕ್ಕೆ ಎಷ್ಟು ಕ್ರೆಡಿಟ್, ಪ್ರೋಗ್ರಾಮಿಂಗ್‌ಗೆ ಎಷ್ಟು, ವಿನ್ಯಾಸಕ್ಕೆ ಎಷ್ಟು ಅಂತ ಕೂಡಿ ನೋಡಿ. ಹೆಸರು ಒಂದೇ ಇದ್ದರೂ ಹದ ಒಂದೊಂದು ಕಡೆ ಒಂದೊಂದು. ಹೆಚ್ಚಿನ ಕಡೆ ಪಾಠ ಜರ್ಮನ್‌ನಲ್ಲೇ ನಡೆಯುತ್ತದೆ, ಹಾಗಾಗಿ ಇಲ್ಲೇ ಓದಿ ಬೆಳೆದ ಮಕ್ಕಳಿಗೆ ಆ ತೊಡಕಿಲ್ಲ. ಜೊತೆಗೆ ಮನೆಯಲ್ಲಿ ಕಲಿತ ಇನ್ನೊಂದು ಲಿಪಿಯೂ ಕೈಯಲ್ಲಿದ್ದರೆ, ಮಾಡಬೇಕಾದ ಕೆಲಸ ಇನ್ನೂ ಬೇಕಾದಷ್ಟಿದೆ.